ಥೈಲಿಯ ದೃಶ್ಯಕ್ಕೆ ನಾನು ಹೇಳಿದ ಅರ್ಥ

ನಾನು ಬಿ.ಎ. ಆಗುವುದು ಎಂದಿಗೂ ಸಾಧ್ಯವಿಲ್ಲ ಎಂದು ಹೇಳಿದವರು ನನ್ನ ದೊಡ್ಡಪ್ಪ. ಬೆನ್ನ ಹಿಂದೆ ಹೇಳಿದ್ದಲ್ಲ. ಯಲ್ಲಾಪುರದ ನಮ್ಮ ಗಾಡಿ ಅಡ್ಡೆಯಲ್ಲಿ, ಹತ್ತಾರು ಗಾಡಿಯವರ ಮುಂದೆ, ಎತ್ತಿನ ಕೊರಳ ಹಗ್ಗ ಬಿಚ್ಚುತ್ತ ಹೇಳಿದ್ದರು.

"ನಮ್ಮ ಮನೇಲಿ ಈವರೆಗೆ ಭಾರಿ ಓದಿದವ ಅಂದ್ರೆ ರಸ್ತೆ ಬದಿ ಮೈಲಿಗಲ್ಲು ಓದಿದವ. ಇವ ಧಾರವಾಡಕ್ಕೆ ಹೋಗಿ ಬಿ.ಎ. ಆಗ್ತಾನಂತೆ. ಆದ ದಿನ ನಾನು ಮೂಗುದಾರ ಹಾಕ್ಕೊಂಡು ಈ ಗಾಡಿ ಎಳೀತೆ, ನೀವೆಲ್ಲ ಮೇಲೆ ಕೂತ್ಕೊಳ್ಳಿ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಆ ಮೂಗುದಾರವನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ. ನನ್ನ ತಂದೆ ತೀರಿಕೊಂಡ ಮೇಲೆ ನನಗೆ ಅನ್ನ ಹಾಕಿದವರು ಈ ದೊಡ್ಡಪ್ಪನೇ. ನಾವು ಅವರನ್ನು ಬಡೇ ಅಬ್ಬಾ ಎನ್ನುತ್ತಿದ್ದೆವು. ಮನೆಯಲ್ಲಿ ನಮ್ಮ ಮಾತು ಉರ್ದು. ಆದರೆ ದೊಡ್ಡಪ್ಪನಿಗೆ ಸಿಟ್ಟು ಬಂದರೆ ಮಾತು ಕನ್ನಡಕ್ಕೆ ತಿರುಗುತ್ತಿತ್ತು. ಎತ್ತುಗಳಿಗೆ ಬೈದು ಬೈದು ಹಾಗೆ ರೂಢಿಯಾಗಿತ್ತು.

ಎರಡು ಭಾಷೆ ಮನೆಯಲ್ಲೇ ಸಿಕ್ಕಿದ್ದರಿಂದ ನನಗೊಂದು ಕೆಲಸ ದೊರೆಯಿತು. ಕಾಲೇಜಿನ ಎರಡನೆಯ ವರ್ಷ ಮುಗಿದ ಬೇಸಿಗೆಯಲ್ಲಿ ಸಿರ್ಸಿಗೆ ಟೆಂಟ್ ಸಿನೆಮಾ ಬಂತು. ಅದರ ಮಾಲಿಕರು ಕಾರವಾರದ ಕಡೆಯವರು. ಚಿತ್ರ ಹಿಂದೂಸ್ತಾನಿಯಲ್ಲಿತ್ತು, ನೋಡಲು ಬರುವವರೆಲ್ಲ ಕನ್ನಡದವರು. ಅದಕ್ಕಾಗಿ ಪರದೆಯ ಎಡಕ್ಕೆ ಒಬ್ಬನನ್ನು ನಿಲ್ಲಿಸುತ್ತಿದ್ದರು. ಕೈಯಲ್ಲೊಂದು ಬೆತ್ತ, ಬಾಯಿಗೊಂದು ತಗಡಿನ ಕಹಳೆ. ನಟರು ಮಾತಾಡಿದ ಕೂಡಲೇ ಅವನು ಅರ್ಥ ಹೇಳಬೇಕು. ಯಂತ್ರ ಒಂದೇ ಇದ್ದುದರಿಂದ ಒಂದು ಸುರುಳಿ ಮುಗಿದು ಇನ್ನೊಂದನ್ನು ಏರಿಸುವವರೆಗೆ ದೀಪ ಹಚ್ಚುತ್ತಿದ್ದರು; ಆಗ ಹಿಂದೆ ಆದದ್ದನ್ನು ಒಟ್ಟುಗೂಡಿಸಿ ಹೇಳಬೇಕು. ಜನ ಅವನನ್ನು ಅರ್ಥದ ಮಾಸ್ತರ ಎನ್ನುತ್ತಿದ್ದರು. ಆ ಬೇಸಿಗೆ ನಾನು ಸಿರ್ಸಿಯ ಅರ್ಥದ ಮಾಸ್ತರನಾದೆ. ನಾಟಕ, ಸಿನೆಮಾ ಎಂದರೆ ದೊಡ್ಡಪ್ಪನಿಗೆ ಆಗುತ್ತಿರಲಿಲ್ಲ, ಆದ್ದರಿಂದ ಮನೆಯಲ್ಲಿ ಹೇಳಿರಲಿಲ್ಲ.

ಆ ಚಿತ್ರ ಒಂದು ರಾಜ್ಯದ ದಿವಾನನ ಕಥೆ. ಬಡ ಮೇಷ್ಟರ ಮಗ, ನ್ಯಾಯವಂತ, ಜನರ ಜೈಕಾರದಲ್ಲಿ ದಿವಾನನಾಗುತ್ತಾನೆ. ಮೊದಲು ಯಾರೋ ತಂದ ಮಾವಿನ ಬುಟ್ಟಿಯನ್ನು ಬೇಡವೆನ್ನಲು ಸಂಕೋಚಪಡುತ್ತಾನೆ. ಆಮೇಲೆ ಹೆಂಡತಿಗೆ ಬಂದ ಬಳೆ. ಕೊನೆಗೆ ಸೇತುವೆ ಕಟ್ಟುವ ಗುತ್ತಿಗೆದಾರನೊಬ್ಬ ಬಾಗಿಲು ಹಾಕಿ ಅವನ ಮೇಜಿನ ಮೇಲೆ ಹಣದ ಥೈಲಿ ಇಟ್ಟು, "ಗಾರೆಯಲ್ಲಿ ಮರಳೆಷ್ಟು ಅಂತ ಯಾರು ನೋಡ್ತಾರೆ ಹುಜೂರ್" ಎನ್ನುತ್ತಾನೆ. ದಿವಾನ ಬಹಳ ಹೊತ್ತು ಥೈಲಿಯನ್ನೇ ನೋಡಿ ಅದರ ಮೇಲೊಂದು ಕಾಗದ ಮುಚ್ಚುತ್ತಾನೆ. ಸೇತುವೆ ಬೀಳುತ್ತದೆ. ಅಷ್ಟೇ ಕಥೆ. ಆ ಕಾಗದ ಮುಚ್ಚುವ ಕೈ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಚಿತ್ರ ಶುರುವಾಗುವ ಹಿಂದಿನ ದಿನ ಸಿರ್ಸಿಯ ಒಬ್ಬ ದೊಡ್ಡ ಕಂತ್ರಾಟುದಾರರು ನನ್ನನ್ನು ಕರೆಸಿದರು. ಅವರು ಆಗ ತಾಲೂಕು ಬೋರ್ಡಿನ ಚುನಾವಣೆಗೆ ನಿಂತಿದ್ದರು. ಹಿಂದಿನ ಮಳೆಗಾಲದಲ್ಲಿ ಕಾನಸೂರಿನ ಹತ್ತಿರ ಅವರು ಕಟ್ಟಿಸಿದ ಮೋರಿ ಮೊದಲ ಹೊಳೆನೀರಿಗೇ ಕುಸಿದಿತ್ತು. ಕುಸಿದಾಗ ಅದರ ಮೇಲಿದ್ದದ್ದು ನಮ್ಮ ದೊಡ್ಡಪ್ಪನ ಗಾಡಿ. ಬಲಗಡೆಯ ಎತ್ತು ಅಲ್ಲೇ ಸತ್ತಿತು, ದೊಡ್ಡಪ್ಪನ ಎಡಗಾಲು ಆಮೇಲೆ ನೆಟ್ಟಗಾಗಲೇ ಇಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೋದೆ, ಯಾಕೆಂದರೆ ನನಗೆ ಅವರಿಂದ ಒಂದು ರುಜು ಬೇಕಿತ್ತು. ಬಡ ವಿದ್ಯಾರ್ಥಿ, ಸನ್ನಡತೆಯವನು ಎಂದು ಸರಕಾರದ ಮನ್ನಣೆ ಪಡೆದ ಊರ ದೊಡ್ಡವರೊಬ್ಬರು ರುಜು ಹಾಕಿದರೆ ಕಾಲೇಜಿನ ಫೀ ಮಾಫಿಯಾಗುತ್ತಿತ್ತು. ಇಲ್ಲವಾದರೆ ನನ್ನ ಓದು ಅಲ್ಲಿಗೇ ನಿಂತಂತೆ. ಅಂಥವರಲ್ಲಿ ಉಳಿದ ಇಬ್ಬರು, ಗಾಡಿಯವರ ಹುಡುಗ ಎಂದು ನನ್ನನ್ನು ಅಂಗಳದಿಂದಲೇ ಕಳಿಸಿದ್ದರು. ಇವರು ಕಳಿಸಲಿಲ್ಲ.

"ಬರ್ರಿ ಮಾಸ್ತರ, ಕೂಡ್ರಿ," ಎಂದರು. ಕುರ್ಚಿ ಕೊಟ್ಟರು. ನನಗೆ ಯಾರೂ ಅದುವರೆಗೆ ಕುರ್ಚಿ ಕೊಟ್ಟಿರಲಿಲ್ಲ. ಅರ್ಜಿಯನ್ನು ಓದಿ ಮಡಚಿ ಮೇಜಿನ ಮೇಲಿಟ್ಟರು. "ಇದು ಆದಂಗ ತಿಳಕೋರಿ. ಮೂರು ದಿನದ ಆಟ ಮುಗೀಲಿ, ಬಂದು ಒಯ್ಯಿರಿ. ಆ ಸಿನೇಮಾದಾಗ ಒಬ್ಬ ಕಂತ್ರಾಟುದಾರ ಬರತಾನಂತ. ನಾ ನಿಮಗ ಸುಳ್ಳು ಹೇಳ್ರಿ ಅನ್ನಾಂಗಿಲ್ಲ. ಸ್ವಲ್ಪ ಮೆತ್ತಗ ಹೇಳ್ರಿ. ಇಲೆಕ್ಷನ್ ಹೊತ್ತು, ಜನ ಏನರ ತಿಳಕೋತಾರ."

ಮೆತ್ತಗೆ ಹೇಳುವುದರಲ್ಲಿ ತಪ್ಪೇನು ಎಂದು ದಾರಿಯುದ್ದಕ್ಕೂ ನನ್ನೊಡನೆ ನಾನೇ ವಾದ ಮಾಡಿಕೊಂಡೆ. ಟೆಂಟಿನ ಮಾಲಿಕರನ್ನು ಕೇಳಿದೆ. ಅವರು, "ಜನ ಬಂದ್ರೆ ಸೈ ಮಾರಾಯ. ನೀ ಅರ್ಥ ಹೇಳು, ಅನರ್ಥ ಹೇಳು, ಕಹಳೆ ಮಾತ್ರ ಬಗ್ಗಿಸ್ಬೇಡ," ಎಂದರು.

ಮೊದಲ ಸಂಜೆ ಥೈಲಿಯ ದೃಶ್ಯ ಬಂದಾಗ ನಾನು ಕಹಳೆಯಲ್ಲಿ ಹೇಳಿದೆ: "ಗುತ್ತಿಗೆದಾರ ಹೇಳುತ್ತಾನೆ, ಹುಜೂರ್, ಈ ಹಣ ಅನಾಥ ಮಕ್ಕಳಿಗೆ. ಸೇತುವೆಯ ಕೆಲಸ ಗಟ್ಟಿಯಾಗಲಿ, ಮರಳು ಕಡಿಮೆ ಹಾಕಿಸುತ್ತೇನೆ."

ಮುಂದೆ ನೆಲದ ಮೇಲೆ ಕುಳಿತಿದ್ದ ಸೋಂದಾ ಕಡೆಯ ತೋಟದವರೊಬ್ಬರು ತಲೆಯೆತ್ತಿ, "ತಮ್ಮಾ, ಅನಾಥ ಮಕ್ಕೊಗೆ ಕೊಡದಾದ್ರೆ ಬಾಗ್ಲು ಹಾಕ್ಯಂಡು ಎಂತಕ್ಕೆ ಕೊಡ್ತ?" ಎಂದು ಕೇಳಿದರು.

"ದಾನ ಗುಟ್ಟಾಗಿ ಕೊಡಬೇಕು," ಎಂದೆ.

"ಓ, ಹಾಂಗನಾ," ಎಂದು ಅವರು ಪಕ್ಕದವರಿಗೂ ಅದನ್ನೇ ಹೇಳಿದರು. ಆಮೇಲೆ ಸೇತುವೆ ಬಿದ್ದಾಗ ತಪ್ಪನ್ನೆಲ್ಲ ದಿವಾನನ ಮೇಲೆ, ಸ್ವಲ್ಪ ಹೊಳೆಯ ಮೇಲೆ ಹಾಕಿದೆ. ಜನ ಅಯ್ಯೋ ಪಾಪ ಎಂದರು. ಮುಂದಿನ ಕುರ್ಚಿಯಲ್ಲಿ ಕುಳಿತಿದ್ದ ಕಂತ್ರಾಟುದಾರರು ಹೊರಗೆ ಹೋಗುವಾಗ ನನ್ನ ಭುಜ ತಟ್ಟಿದರು. ಇಷ್ಟು ಸುಲಭವೇ ಎಂದು ನನಗೇ ಆಶ್ಚರ್ಯವಾಯಿತು. ಪರದೆಯ ಮೇಲೆ ಇರುವುದು ಏನೇ ಇರಲಿ, ಜನ ನನ್ನ ಬಾಯನ್ನು ನಂಬುತ್ತಿದ್ದರು.

ಎರಡನೆಯ ಸಂಜೆಯೂ ಅದನ್ನೇ ಹೇಳಿದೆ, ಮೊದಲಿಗಿಂತ ಚೆನ್ನಾಗಿ. ಸುರುಳಿ ಬದಲಿಸಲು ದೀಪ ಹತ್ತಿದಾಗ ನೋಡುತ್ತೇನೆ, ನೆಲದ ಮೇಲೆ, ಕಂಬಕ್ಕೆ ಒರಗಿ, ಎಡಗಾಲು ಚಾಚಿಕೊಂಡು ದೊಡ್ಡಪ್ಪ ಕುಳಿತಿದ್ದಾರೆ. ಸಿರ್ಸಿಗೆ ಸರಕು ತಂದಿದ್ದ ಅವರು, ನಾನು ಇಲ್ಲಿ ಅರ್ಥ ಹೇಳುತ್ತೇನೆಂದು ಅಂಗಡಿಯಲ್ಲಿ ಯಾರೋ ಹೇಳಿದ್ದನ್ನು ಕೇಳಿ ಬಂದಿದ್ದರು. ಉಳಿದ ಅರ್ಥವನ್ನು ಹೇಗೆ ಹೇಳಿದೆನೋ ನೆನಪಿಲ್ಲ.

ಆಟ ಬಿಟ್ಟ ಮೇಲೆ ಅವರು ಗಾಡಿಯ ಬಳಿ ನಿಂತಿದ್ದರು. ಸಿನೆಮಾಕ್ಕೆ ಬೈಯುತ್ತಾರೆ ಎಂದುಕೊಂಡೆ. ಅದರ ಸುದ್ದಿಯನ್ನೇ ಎತ್ತಲಿಲ್ಲ. ಮಾತು ಕನ್ನಡದಲ್ಲಿ ಬಂತು.

"ಆ ಮನುಷ್ಯ ಥೈಲಿ ಇಟ್ಟು ಏನಂದ?"

ನಾನು ನೊಗ ಎತ್ತಿ ಹಿಡಿಯಲು ಹೋದೆ.

"ಹೇಳು ಮಾಸ್ತರ. ಅರ್ಥ ಹೇಳೋದು ನಿನ್ನ ಕೆಲಸ ಅಲ್ವಾ?"

"ಮರಳು ಯಾರು ನೋಡ್ತಾರೆ ಅಂದ."

"ನೀ ಏನಂದೆ?"

"ಅನಾಥ ಮಕ್ಕಳಿಗೆ ಅಂದೆ."

"ನನಗೆ ಎರಡೂ ಮಾತು ಬರ್ತದೆ. ನನಗೆ ನೀ ಮೋಸ ಮಾಡೋಕಾಗ್ಲಿಲ್ಲ. ಆದ್ರೆ ಅಲ್ಲಿ ಕೂತವರಿಗೆ ನಿನ್ನ ಬಾಯಿ ಬಿಟ್ರೆ ಬೇರೆ ಗತಿ ಇರ್ಲಿಲ್ಲ." ಅವರು ಬಗ್ಗಿ ಕಾಲು ನೀವಿಕೊಂಡರು. "ಆ ಮೋರಿ ಮೇಲೆ ನಾನೂ ಹಂಗೇ ನಂಬಿ ಗಾಡಿ ಹೊಡ್ದಿದ್ದೆ."

ಅರ್ಜಿಯ ವಿಷಯ ಹೇಳಿದೆ. ರುಜು ಇಲ್ಲದಿದ್ದರೆ ಓದು ನಿಲ್ಲುತ್ತದೆ ಎಂದೆ. ಅವರು ಎತ್ತು ಹೂಡುತ್ತಲೇ ಕೇಳಿಸಿಕೊಂಡರು.

"ನೀ ಬಿ.ಎ. ಆಗೂದಿಲ್ಲ ಅಂದಿದ್ದೆ ನಾನು. ಈಗ ನೋಡಿದ್ರೆ ಆಗ್ಬಹುದು. ಆದ್ರೆ ಆಮೇಲೆ ನೀ ಹೇಳಿದ್ದು ಯಾರು ಕೇಳ್ಬೇಕು?"

ಗಾಡಿ ಹೋಯಿತು. ನಾನು ಮರುದಿನ ಸಂಜೆಯವರೆಗೆ ಯೋಚಿಸಿದೆ ಎಂದು ಬರೆದರೆ ಅದೂ ಒಂದು ಸುಳ್ಳಾದೀತು. ಮರುದಿನ ಮಧ್ಯಾಹ್ನದವರೆಗೂ ನಾನು ಆ ರುಜುವಿನ ಪಕ್ಷದಲ್ಲೇ ಇದ್ದೆ. ಆಟ ಇನ್ನೊಂದೇ ದಿನ, ಹೇಳಿದ್ದನ್ನು ಹೇಳಿಬಿಡು, ಕಾಗದ ತೆಗೆದುಕೊಂಡು ಹೋಗು ಎಂದು ಲೆಕ್ಕ ಹಾಕುತ್ತಿದ್ದೆ. ಸಂಜೆ ಟೆಂಟಿಗೆ ಬಂದರೆ ಸೋಂದಾದ ಅದೇ ತೋಟದವರು ಮನೆಯವರನ್ನೆಲ್ಲ ಕರೆದುಕೊಂಡು ಬಂದಿದ್ದರು. ನನ್ನನ್ನು ತೋರಿಸಿ, "ಇಂವ ರಾಶಿ ಚಂದ ಬಿಡಿಸಿ ಹೇಳ್ತ," ಎಂದು ಹೆಂಡತಿಗೆ ಹೇಳುತ್ತಿದ್ದರು. ಅಷ್ಟು ಸಾಕಾಯಿತು.

ಥೈಲಿಯ ದೃಶ್ಯ ಬಂತು. ಕಂತ್ರಾಟುದಾರರು ಅದೇ ಕುರ್ಚಿಯಲ್ಲಿದ್ದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಲಂಚ ಎಂದೆ. ಮರಳು ಎಂದೆ. ದೀಪ ಹತ್ತಿದ ಮೇಲೆ ಕಹಳೆ ಕೆಳಗಿಟ್ಟು, ನಿನ್ನೆ ಮೊನ್ನೆ ನೋಡಿದವರು ಯಾರಾದರೂ ಇದ್ದರೆ ಕೇಳಿ, ಆವಾಗ ನಾನು ಅನಾಥ ಮಕ್ಕಳ ಮಾತು ಹೇಳಿದ್ದು ಸುಳ್ಳು, ಈ ಚಿತ್ರದಲ್ಲಿ ಅನಾಥ ಮಕ್ಕಳೇ ಇಲ್ಲ ಎಂದೆ.

ತೋಟದವರು, "ಆನು ಮೊದ್ಲೇ ಕೇಳಿದ್ನಲ, ಬಾಗ್ಲು ಎಂತಕ್ಕೆ ಹಾಕ್ದ ಹೇಳಿ," ಎಂದು ಹೆಂಡತಿಯ ಕಡೆ ತಿರುಗಿದರು. ಟೆಂಟಿನಲ್ಲಿ ನಗೆ ಎದ್ದಿತು. ಹಿಂದಿನಿಂದ ಯಾರೋ, "ಕಾನಸೂರ ಮೋರಿ ಕಂಡಂಗಾತು," ಎಂದರು. ಅದು ನಾನು ಹೇಳಿದ್ದಲ್ಲ.

ಕಂತ್ರಾಟುದಾರರು ಕೊನೆಯವರೆಗೂ ಕುಳಿತು ಚಿತ್ರ ನೋಡಿದರು. ಹೋಗುವಾಗ, "ಛಲೋ ಹೇಳಿದ್ರಿ ಮಾಸ್ತರ," ಎಂದು ಒಳಕಿಸೆಯಿಂದ ನನ್ನ ಅರ್ಜಿ ತೆಗೆದು ಕೈಗಿಟ್ಟರು. ರುಜುವಿನ ಜಾಗ ಖಾಲಿಯಿತ್ತು. ಪೆನ್ನು ಕಿಸೆಯಲ್ಲಿ ಕಾಣುತ್ತಿತ್ತು.

ಅವರು ಚುನಾವಣೆಯಲ್ಲಿ ಗೆದ್ದರು. ನನ್ನ ಮಾತಿನಿಂದ ಸಿರ್ಸಿಯಲ್ಲಿ ಏನೂ ತಲೆಕೆಳಗಾಗಲಿಲ್ಲ, ಹಾಗೆ ಹೇಳಿಕೊಳ್ಳುವ ಆಸೆಯೂ ನನಗಿಲ್ಲ. ನನಗೆ ಕಾಲೇಜಿನ ಒಂದು ವರ್ಷ ಹೋಯಿತು. ಆ ವರ್ಷವೆಲ್ಲ ಕಹಳೆ ಹಿಡಿದು ಟೆಂಟಿನ ಜೊತೆ ತಿರುಗಿದೆ. ಸಿದ್ದಾಪುರದಲ್ಲಿ ಟೆಂಟು ಹಾಕಿದಾಗ ಮನ್ಮನೆ ಹಳ್ಳಿಯಿಂದ ಜನ ನಡೆದು ಬರುತ್ತಿದ್ದರು. ಸಿರ್ಸಿಯಲ್ಲಿ ತನ್ನ ತಪ್ಪು ತಾನೇ ಹೇಳಿಕೊಂಡ ಮಾಸ್ತರ ಇವನೇ ಎಂದು ನನ್ನನ್ನು ನೋಡಲಿಕ್ಕೇ ಕೆಲವರು ಬಂದರು. ಟೆಂಟಿನ ಮಾಲಿಕರು ಕಹಳೆಗೆ ಹೊಸ ಬಣ್ಣ ಬಳಿಸಿದರು. ಯಲ್ಲಾಪುರಕ್ಕೆ ಬಂದಾಗ ದೊಡ್ಡಪ್ಪ ಟೆಂಟಿನ ಕಂಬಗಳನ್ನು ತಮ್ಮ ಗಾಡಿಯಲ್ಲೇ ತಂದು ಇಳಿಸಿದರು, ಆದರೆ ಒಳಗೆ ಬರಲಿಲ್ಲ. ಮರುವರ್ಷ ಯಾರ ರುಜುವೂ ಇಲ್ಲದೆ ಫೀ ಕಟ್ಟಿ ಧಾರವಾಡಕ್ಕೆ ಹೋದೆ. ಬೇಸಿಗೆಯಲ್ಲಿ ಕಹಳೆ, ಉಳಿದ ಕಾಲದಲ್ಲಿ ಪುಸ್ತಕ. ಹಾಗೆ ಬಿ.ಎ. ಆದೆ. ಇವತ್ತಿಗೂ ಅದನ್ನು ಎದೆಯುಬ್ಬಿಸಿಯೇ ಹೇಳುತ್ತೇನೆ.

ಪದವಿ ಪತ್ರ ಮುಂಬಯಿ ವಿಶ್ವವಿದ್ಯಾಲಯದಿಂದ ಅಂಚೆಯಲ್ಲಿ ಬಂತು. ನೆಟ್ಟಗೆ ಗಾಡಿ ಅಡ್ಡೆಗೆ ಹೋದೆ. ಅದೇ ಹತ್ತಾರು ಗಾಡಿಯವರು ಇದ್ದರು. ಅವರಲ್ಲೊಬ್ಬ ಎದ್ದು, "ಯಜಮಾನ್ರೇ, ಮೂಗುದಾರ ಹೊಸದು ತರ್ಲೋ, ಹಳೇದೇ ಆದೀತೋ?" ಎಂದು ಕೇಳಿದ. ದೊಡ್ಡಪ್ಪ ಅವನ ಕಡೆ ನೋಡಲಿಲ್ಲ. ಪಂಚೆಗೆ ಕೈ ಒರೆಸಿಕೊಂಡು ಚಾಚಿದರು. ನಾನು ಪತ್ರವನ್ನು ಆ ಕೈಯಲ್ಲಿಟ್ಟೆ. ಇಂಗ್ಲಿಷಿನಲ್ಲಿತ್ತು. ತಿರುಗಿಸಿ, ಬಿಸಿಲಿಗೆ ಹಿಡಿದು ನೋಡಿ ನನ್ನ ಕಡೆ ಚಾಚಿದರು.

"ಅರ್ಥ ಹೇಳು."

ಎಲ್ಲರಿಗೂ ಕೇಳುವಂತೆ ಒಂದೊಂದೇ ಸಾಲು ಬಿಡಿಸಿ ಹೇಳಿದೆ. ನನ್ನ ಹೆಸರು, ತಂದೆಯ ಹೆಸರು, ಕಲಿತ ವಿಷಯ. ಕೊನೆಯ ಸಾಲಿಗೆ ಬಂದಾಗ ಒಂದು ಕ್ಷಣ ನಿಂತೆ. ಅಲ್ಲಿ ಅದನ್ನು ಓದಬಲ್ಲವರು ಬೇರೆ ಯಾರೂ ಇರಲಿಲ್ಲ.

"ದರ್ಜೆ ಕೊನೇದು. ಪಾಸಾಗಿದ್ದೇನೆ ಅಷ್ಟೇ," ಎಂದೆ.

ದೊಡ್ಡಪ್ಪ ಪತ್ರವನ್ನು ಮತ್ತೆ ತೆಗೆದುಕೊಂಡು, ತಲೆಯ ರುಮಾಲು ಬಿಚ್ಚಿ ಅದರಲ್ಲಿ ಸುತ್ತಿದರು. ಆಮೇಲೆ ಗಾಡಿಯವರ ಕಡೆ ತಿರುಗಿದರು.

"ಅದನ್ನೂ ಹೇಳಿದ ನೋಡಿ. ಹಂಗಾದ್ರೆ ಮೊದ್ಲು ಓದಿದ್ದೂ ಖರೆನೇ."