ಸಾಯಿಸದೆ ಮೀನು ಹಿಡಿಯುವ ಅಳಿಯ

ನಮ್ಮ ಅಳಿಯಂದಿರು ಮೀನು ತಿನ್ನುವವರಲ್ಲ. ಅವರ ಮನೆತನದಲ್ಲಿ ಮೊಟ್ಟೆಯನ್ನೂ ಮುಟ್ಟಲ್ಲ. ಆದರೂ ಶನಿವಾರ ಬಂತೆಂದರೆ ಬೆಳಕು ಹರಿಯುವ ಮುಂಚೆ ಗಾಳ ಹಿಡಿದು ಕೆರೆಗೆ ಹೊರಡುತ್ತಿದ್ದರು. ಹಿಡಿದ ಮೀನಿನ ಫೋಟೋ ತೆಗೆದು, ಮತ್ತೆ ಅದನ್ನು ನೀರಿಗೇ ಬಿಟ್ಟು, ಕೈ ತೊಳೆದುಕೊಂಡು ಮನೆಗೆ ಬಂದು ಉಪ್ಪಿಟ್ಟು ತಿನ್ನುತ್ತಿದ್ದರು.

ಇದು ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಮಗಳು, ಅಳಿಯ ಹ್ಯೂಸ್ಟನ್ ಬಿಟ್ಟು ಡಾಲಸ್‌ಗೆ ಶಿಫ್ಟ್ ಆಗಿದ್ದರು. ನಾನು ಅವರ ಜೊತೆಗಿದ್ದೆ.

ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಕಾವೇರಿ ದಂಡೆಯವಳು. ನಮ್ಮಪ್ಪ ಹರಿಗೋಲಲ್ಲಿ ಕೂತು ಬಲೆ ಬೀಸುತ್ತಿದ್ದ. ಬಲೆಗೆ ಬಿದ್ದದ್ದು ಒಂದೋ ಸಂತೆಗೆ ಹೋಗಬೇಕು, ಇಲ್ಲ ನಮ್ಮ ಸಾರಿಗೆ ಬೀಳಬೇಕು. ಬಾಯಿಗೆ ಮುಳ್ಳು ಚುಚ್ಚಿ, ಎಳೆದಾಡಿ, ಆಮೇಲೆ "ಹೋಗಿ ಬಾ" ಅಂತ ಕಳಿಸಿಕೊಡುವುದನ್ನು ನಾನು ಕಂಡಿರಲಿಲ್ಲ. ನನ್ನ ಮಗಳು ಕಾಲೇಜಿನಲ್ಲಿ ಈ ಅಳಿಯಂದಿರನ್ನು ಮೆಚ್ಚಿ ಮದುವೆಯಾದಾಗಿನಿಂದ ಮೀನು ಬಿಟ್ಟಿದ್ದಳು. ಬಿಡು ಅಂತ ಯಾರೂ ಹೇಳಿರಲಿಲ್ಲ. ತಿನ್ನು ಅಂತಲೂ ಯಾರೂ ಹೇಳಿರಲಿಲ್ಲ. ಆ ಮನೆಯಲ್ಲಿ ನಾನೂ ಬೇಳೆ ಸಾರಲ್ಲೇ ಇದ್ದೆ.

ಈ ಗಾಳದ ಹುಚ್ಚು ಅವರಿಗೆ ಹಿಡಿದದ್ದು ಅಮೆರಿಕಕ್ಕೆ ಬಂದು ಓದುವಾಗ, ಉತ್ತರದ ಚಳಿ ಸೀಮೆಯಲ್ಲಿ. ಅಲ್ಲಿ ಊರ ನಡುವಿನ ಕೆರೆಗಳಲ್ಲೇ ಮಸ್ಕಿ ಅಂತ ಒಂದು ಮೀನಿದೆಯಂತೆ. ನೆಲದ ಮೇಲೆ ನಿಲ್ಲಿಸಿದರೆ ನಮ್ಮ ಸೊಂಟಕ್ಕೆ ಬರುತ್ತಂತೆ, ಬಾಯಿ ತುಂಬ ಹಲ್ಲು. ವಾರಗಟ್ಟಲೆ ಗಾಳ ಎಸೆದರೂ ಸಿಗಲ್ಲ. ಸಿಕ್ಕಿದವನು ಸಾಯುವ ತನಕ ಅದನ್ನೇ ಮಾತಾಡುತ್ತಾನೆ. ಇವರಿಗೆ ಒಂದು ಸಿಕ್ಕಿತ್ತು, ಗೆಳೆಯನ ದೋಣಿಯಲ್ಲಿ. ಟೆಕ್ಸಾಸಿನ ಬಿಸಿ ನೀರಿಗೆ ಮಸ್ಕಿ ಬಾಳಲ್ಲ. ಅದಕ್ಕೆ ಇಲ್ಲಿ ಬಾಸ್ ಅನ್ನುವ ಮೀನಿನ ಹಿಂದೆ ಬಿದ್ದರು. ದೋಣಿ ಮಾತ್ರ ಅಲ್ಲಿಯಂಥದ್ದೇ ಬೇಕು ಅಂತ ಹುಡುಕಿ ತಂದರು. ಕೆನೂ ಅಂತಾರೆ. ಅವರೆಕಾಯಿಯ ಹಾಗೆ ಉದ್ದ, ಎರಡೂ ತುದಿ ಚೂಪು, ಕೂತರೆ ಅಲ್ಲಾಡುತ್ತೆ.

ಮೈಸೂರಿನಲ್ಲಿದ್ದ ಅವರ ತಾಯಿ ಮೀನು ಹಿಡಿದ ಫೋಟೋ ನೋಡಿ ಆ ದಿನ ಊಟ ಬಿಟ್ಟರಂತೆ. ಆಗ ಇವರು ಫೋನಿನಲ್ಲಿ ಮಾತು ಕೊಟ್ಟರು. ನಾನು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದೆ, ಕಿವಿಯಾರೆ ಕೇಳಿದ್ದೇನೆ. "ಅಮ್ಮ, ಒಂದು ಮೀನೂ ನನ್ನ ಕೈಲಿ ಸಾಯಲ್ಲ. ಸತ್ತ ದಿನ ಗಾಳ ಬಿಟ್ಟೆ ಅಂತ ಇಟ್ಕೋ."

ಆ ಮಾತಿನ ಮೇಲೆ ಅವರ ಶನಿವಾರ ನಿಂತಿತ್ತು. ಶನಿವಾರ ಬಿಟ್ಟರೆ ಆ ಮನುಷ್ಯನಿಗೆ ಬೇರೆ ಏನೂ ಇರಲಿಲ್ಲ. ಆಫೀಸಿನಲ್ಲಿ ಇವತ್ತು ಇವನನ್ನು ತೆಗೆದರು, ನಾಳೆ ಅವನನ್ನು ತೆಗೀತಾರೆ ಅನ್ನುವ ಕಾಲ. ಸಂಜೆ ಬಂದರೆ ಮುಖ ಬೂದಿ ಬಳಿದ ಹಾಗಿರುತ್ತಿತ್ತು. ಕೆರೆಯಿಂದ ಬಂದ ದಿನ ಮಾತ್ರ ಮಗಳ ಜೊತೆ ನಕ್ಕು ಮಾತಾಡುತ್ತಿದ್ದರು.

ನಾನು ಆ ದೋಣಿ ಹತ್ತಿದ್ದು ಅಕ್ಕಿ ಮೂಟೆಯ ದೆಸೆಯಿಂದ. ಒಬ್ಬರೇ ಹಿಂದೆ ಕೂತರೆ ದೋಣಿಯ ಮೂತಿ ಮೇಲೇಳುತ್ತೆ, ಗಾಳಿ ಬಂದರೆ ತಿರುಗಿಬಿಡುತ್ತೆ. ಮಗಳಿಗೆ ನೀರೆಂದರೆ ಭಯ. ಅದಕ್ಕೆ ಇವರು ಮುಂದಿನ ತುದಿಗೆ ಸೋನಾ ಮಸೂರಿ ಮೂಟೆ ಇಟ್ಟುಕೊಂಡು ಹೋದರು. ನೀರು ಚಿಮ್ಮಿ ಮೂಟೆ ನೆನೆಯಿತು.

"ಅಕ್ಕಿ ಮೂಟೇನ ಬೋಟಿಂಗ್ ಕರ್ಕೊಂಡು ಹೋಗ್ತಾರೇನ್ರೀ ಯಾರಾದ್ರೂ?" ಅಂತ ಮಗಳು ಕೂಗಾಡಿದಳು. "ಭಾರ ಬೇಕು ಅಂದ್ರೆ ನಮ್ಮವ್ವನ್ನ ಕೂರಿಸ್ಕೊಳ್ಳಿ!"

ಅವಳು ಅಂದದ್ದು ಕೋಪಕ್ಕೆ. ನಾನು ಹೂಂ ಅಂದುಬಿಟ್ಟೆ. ನೀರಿಗೆ ಬಿದ್ದರೂ ಮುಳುಗದ ಹಾಗೆ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕಟ್ಟಿ ಕೂರಿಸಿದರು. ದಡದಲ್ಲಿ ಓಡುವವರು ನಿಂತು ನೋಡುತ್ತಿದ್ದರು. ನೋಡಿಕೊಳ್ಳಲಿ ಅಂತ ಸುಮ್ಮನಿದ್ದೆ.

ಊರ ನಡುವೆ ಅಷ್ಟು ದೊಡ್ಡ ಕೆರೆ. ಆಚೆ ಗಾಜಿನ ಕಟ್ಟಡಗಳು, ಸೇತುವೆ ಮೇಲೆ ಕಾರುಗಳು. ನಾವು ಜೊಂಡಿನ ಪಕ್ಕ ಸದ್ದಿಲ್ಲದೆ ಹೋಗುತ್ತಿದ್ದೆವು. ಒಂದು ಸಲ ಆಸ್ಟಿನ್‌ಗೂ ದೋಣಿ ಹೊತ್ತುಕೊಂಡು ಹೋಗಿದ್ದೆವು, ಅಲ್ಲೂ ಪೇಟೆ ನಡುವೆಯೇ ನೀರು. ನನಗೆ ಹಿಡಿಸಿತ್ತು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಟಿವಿ ನೋಡುವುದಕ್ಕಿಂತ ಮೇಲು.

"ಅಳಿಯಂದ್ರೇ, ಇದಕ್ಕೆ ನೋವಾಗಲ್ವಾ?" ಅಂತ ಒಂದಿನ ಕೇಳಿದೆ.

"ಸ್ವಲ್ಪ ಆಗುತ್ತೆ ಅತ್ತೆ. ಆದ್ರೆ ಸಾಯಲ್ವಲ್ಲ."

"ನಾವು ಸಾಯಿಸಿ ತಿಂದ್ವಿ. ನೀವು ಸಾಯಿಸದೇ ಆಟ ಆಡ್ತೀರಿ. ಯಾರು ಮೇಲು?"

ಅವರು ನಕ್ಕರು. "ಅತ್ತೆ, ನೀವು ಮುಂದೆ ನೋಡ್ಕೊಂಡು ಕೂತ್ಕೊಳ್ಳಿ."

ಆಗಸ್ಟ್ ತಿಂಗಳ ಒಂದು ಶನಿವಾರ. ಬೆಳಗಿನ ಹೊತ್ತಲ್ಲೇ ನೀರಿಗೆ ಕೈ ಹಾಕಿದರೆ ಸ್ನಾನದ ನೀರಿನಷ್ಟು ಬೆಚ್ಚಗಿತ್ತು. ಚಳಿ ಸೀಮೆಯಲ್ಲಿ ನೀರು ಬಿಸಿಯಾದರೆ ಮಸ್ಕಿಯ ಗೋಜಿಗೇ ಹೋಗಲ್ಲ, ಎಳೆದಾಟಕ್ಕೆ ಅದರ ಜೀವ ತಡೆಯಲ್ಲ ಅಂತ ಅವರೇ ಹೇಳಿದ್ದರು. ಬಾಸ್ ಬಿಸಿ ನೀರಲ್ಲೇ ಹುಟ್ಟಿದ್ದು, ಅದಕ್ಕೇನೂ ಆಗಲ್ಲ ಅಂತ ಅವರ ಲೆಕ್ಕ.

ಆ ದಿನ ಬಿದ್ದದ್ದು ಅವರು ಟೆಕ್ಸಾಸಿನಲ್ಲಿ ಕಂಡ ಎಲ್ಲಕ್ಕಿಂತ ದೊಡ್ಡ ಮೀನು. ಕೋಲು ಬಿಲ್ಲಿನ ಹಾಗೆ ಬಾಗಿತು. ದೋಣಿಯನ್ನೇ ಎಳೆದುಕೊಂಡು ಹೋಯಿತು. ದಾರ ತೆಳ್ಳಗಿತ್ತು, ಜೋರಾಗಿ ಎಳೆದರೆ ಕಿತ್ತುಹೋಗುತ್ತೆ ಅಂತ ಬಿಟ್ಟು ಬಿಟ್ಟು ಎಳೆದರು. ಮೇಲೆ ಬರುವ ಹೊತ್ತಿಗೆ ಮೀನೂ ಸುಸ್ತು, ಇವರೂ ಸುಸ್ತು. ಎತ್ತಿ ಹಿಡಿದು ಒಂದು ಫೋಟೋ, ತೂಗಿ ಇನ್ನೊಂದು ಫೋಟೋ, ದೋಣಿಯಲ್ಲಿ ಅಡ್ಡ ಇಟ್ಟು ಮತ್ತೊಂದು. ಮುಖ ಚಿಕ್ಕ ಮಗುವಿನ ಹಾಗಾಗಿತ್ತು. ಮೀನಿನ ಕಿವಿರು ಬಡಿಯುವುದು ನಿಧಾನವಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು. "ಸಾಕು, ಬಿಡಿ" ಅಂದೆ. "ಒಂದೇ ನಿಮಿಷ ಅತ್ತೆ" ಅಂದರು.

ನೀರಿಗೆ ಬಿಟ್ಟಾಗ ಅದು ಹೋಗಲಿಲ್ಲ. ಪಕ್ಕಕ್ಕೆ ವಾಲಿತು. ಬಾಲ ಹಿಡಿದು ಹಿಂದಕ್ಕೂ ಮುಂದಕ್ಕೂ ಆಡಿಸತೊಡಗಿದರು. ಹಾಗೆ ಮಾಡಿದರೆ ಕಿವಿರಿಗೆ ನೀರು ಹೋಗಿ ಚೇತರಿಸಿಕೊಳ್ಳುತ್ತಂತೆ. ಬಿಸಿಲೇರಿತು. ಬೆವರು ಅವರ ಮೂಗಿನಿಂದ ತೊಟ್ಟಿಕ್ಕುತ್ತಿತ್ತು.

"ಅತ್ತೆ, ಈಗ ಬಾಲ ಆಡಿಸ್ತಲ್ವಾ?"

"ನೀವು ಆಡಿಸಿದ್ರಿ ಅಳಿಯಂದ್ರೇ. ಅದು ಆಡಿಸಲಿಲ್ಲ."

"ಆಳಕ್ಕೆ ಹೋದ್ರೆ ಸರಿಹೋಗುತ್ತೆ."

"ಬಿಟ್ಟು ನೋಡಿ."

ಬಿಟ್ಟರು. ಬಿಳಿ ಹೊಟ್ಟೆ ಮೇಲಾಯಿತು.

ಅವರು ನನ್ನ ಕಡೆ ನೋಡಲಿಲ್ಲ. ಹುಟ್ಟು ಕೈಗೆ ತೆಗೆದುಕೊಂಡು, "ಹೋಗೋಣ. ಇವು ಎಷ್ಟೋ ಸಲ ಹೀಗೇ ಇದ್ದು ಆಮೇಲೆ ಎದ್ದು ಹೋಗ್ತವೆ" ಅಂದರು.

"ಇದು ಏಳಲ್ಲ."

"ನಿಮಗೆ ಹೇಗೆ ಗೊತ್ತು?"

"ಕಣ್ಣು ನೋಡಿ. ನಿಮಗೂ ಗೊತ್ತು."

ಹುಟ್ಟನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ಅಮ್ಮಂಗೆ ಏನು ಹೇಳ್ಲಿ?" ಅಂದರು.

"ಅದು ನಿಮ್ಮಿಬ್ಬರ ಮಾತು, ನಾನು ನಡುವೆ ಬರಲ್ಲ. ಆದ್ರೆ ಈ ಮೀನನ್ನ ಕೊಳೆಯೋಕೆ ಬಿಟ್ಟು ಬರೋಳಲ್ಲ ನಾನು. ನಮ್ಮಲ್ಲಿ ಕೊಂದಿದ್ದನ್ನ ಬಿಸಾಕಲ್ಲ. ಎತ್ತಿ ಇಲ್ಲಿ ಹಾಕಿ."

ಅವರು ಎತ್ತಿ ನನ್ನ ಕಾಲ ಬಳಿ ಮಲಗಿಸಿದರು. ಹುಟ್ಟು ಹಾಕಿ ದೋಣಿಯನ್ನು ದಡಕ್ಕೆ ತಂದರು.

ಮನೆಯೊಳಗೆ ಬೇಡ ಅಂತ ಗರಾಜಿನ ಮುಂದೆ ಕ್ಯಾಂಪಿಂಗ್ ಸ್ಟೌವ್ ಇಟ್ಟುಕೊಂಡೆ. ಹುರುಪೆ ಕೆರೆದು, ಹುಣಸೆಹುಳಿ, ಖಾರ ಹಾಕಿ ಸಾರು ಮಾಡಿದೆ. ಮಗಳು ಒಳಗಿಂದ ಬಂದು ನಿಂತಳು. ಗಂಡನ ಮುಖ ನೋಡಿದಳು. ಅವರು ತಲೆಯಾಡಿಸಿದ ಮೇಲೆ ತಟ್ಟೆ ತಂದು, ನಿಂತುಕೊಂಡೇ ತಿಂದಳು. ಮುಳ್ಳು ಬಿಡಿಸುವುದನ್ನು ಅವಳ ಕೈ ಮರೆತಿರಲಿಲ್ಲ. ಅಳಿಯಂದಿರು ಮೆಟ್ಟಿಲ ಮೇಲೆ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಎದ್ದು ಹೋಗಲಿಲ್ಲ.

"ಹೇಗಿದೆ?" ಅಂತ ಕೇಳಿದರು.

"ಸಪ್ಪೆ" ಅಂದೆ. "ಹೊಳೆ ಮೀನಿನ ಹತ್ರ ಬರಲ್ಲ."

ಆ ರಾತ್ರಿಯೇ ಮೈಸೂರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬೈಗುಳಕ್ಕೆ ತಯಾರಾಗಿ ಕೂತಿದ್ದರು. ಫೋನ್ ಇಟ್ಟು ಬಂದು, "ಅಮ್ಮ ಬೈಲಿಲ್ಲ. 'ಮಾತು ಕೊಟ್ಟೋನು ನೀನು, ನಿನಗೇ ಬಿಟ್ಟಿದ್ದು' ಅಂದ್ರು" ಅಂದರು. ಬೈದಿದ್ದರೆ ಜಗಳವಾಡಿ ಒಂದು ವಾರ ಬಿಟ್ಟು ಮತ್ತೆ ಹೋಗುತ್ತಿದ್ದರೋ ಏನೋ.

ಮಗಳು ಅಡುಗೆಮನೆಯಲ್ಲಿ ನನ್ನನ್ನು ಹಿಡಿದುಕೊಂಡಳು. "ಅವ್ವ, ಹೋಗೋಣ ಅಂದಾಗ ಬಾಯಿ ಮುಚ್ಕೊಂಡು ಬರ್ಬಾರ್ದಿತ್ತಾ? ಅವರಿಗೆ ಇದ್ದಿದ್ದು ಅದೊಂದೇ."

"ಅವರ ಕಣ್ಣಿಗೇ ಕಂಡಿತ್ತು ಕಣೇ. ಮುಂದಿನ ಶನಿವಾರ ಏನು ಖುಷಿಯಾಗಿ ಕೂತಿರ್ತಿದ್ರು ಅಲ್ಲಿ?"

ಅವಳಿಗೆ ಒಪ್ಪಿಗೆಯಾಗಲಿಲ್ಲ. ನನಗೂ ಪೂರ್ತಿ ಒಪ್ಪಿಗೆಯೇನಲ್ಲ. ಅವರ ಆಣೆಯನ್ನು ನಾನು ಓದಿದವರ ಆಟ ಅಂದುಕೊಂಡಿದ್ದೆ. ಒಂದು ಮೀನು ಸತ್ತರೆ ನನಗೆ ಒಂದು ಹೊತ್ತಿನ ಸಾರು. ಆ ಮನುಷ್ಯನಿಗೆ ಅದು ಅಷ್ಟಕ್ಕೆ ಮುಗಿಯಲಿಲ್ಲ. ಶನಿವಾರ ಎದ್ದು ಗರಾಜಿಗೆ ಹೋಗುತ್ತಿದ್ದರು, ದೋಣಿಯ ಮೇಲೆ ಕೈ ಇಟ್ಟು ನಿಂತು ವಾಪಸ್ ಬರುತ್ತಿದ್ದರು. ಚಳಿಗಾಲ ಬಂದು ನೀರು ತಣ್ಣಗಾಯಿತು. "ಈಗ ಹೋಗಬಹುದಲ್ಲ, ನಾನೂ ಬರ್ತೀನಿ" ಅಂತ ನಾನೇ ಒಂದು ಸಲ ಕೇಳಿದೆ. ನನಗೂ ಕೆರೆ ಬೇಕಿತ್ತು. "ಇಲ್ಲ ಅತ್ತೆ, ಮಾತು ಮಾತೇ" ಅಂದರು.

ಕೊನೆಗೆ ಆಫೀಸಿನ ಗೆಳೆಯನೊಬ್ಬ, ಈ ದೇಶದವನೇ, ದೋಣಿ ಗಾಳ ಎರಡನ್ನೂ ಕೊಂಡೊಯ್ಯಲು ಟ್ರಕ್ ತಂದ. ಹಗ್ಗವನ್ನು ಅಳಿಯಂದಿರೇ ಕಟ್ಟಿದರು, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ ಕಿಟಕಿಗೆ ಬಗ್ಗಿ ಇಂಗ್ಲಿಷಿನಲ್ಲಿ ಏನೋ ಬಹಳ ಹೊತ್ತು ಹೇಳಿದರು. ಏನಂತೆ ಅಂತ ಮಗಳನ್ನು ಕೇಳಿದೆ.

"ಬೇಸಿಗೇಲಿ ಹೋಗ್ಬೇಡ, ಮೀನು ತಡೆಯಲ್ಲ ಅಂತಿದ್ದಾರೆ."

ಆ ಗೆಳೆಯ ತಲೆಯಾಡಿಸಿ ಗಾಡಿ ಬಿಟ್ಟ. ಕೇಳಿಸಿಕೊಂಡನೋ ಇಲ್ಲವೋ, ನನಗೆ ಗೊತ್ತಿಲ್ಲ.