ಮೂರು ಭಾಗದ ಡಿಸ್ಕು ಮತ್ತು ನನ್ನ ಸನ್ಮಾನ

ಕಳೆದ ವಾರ ಮನೆ ಕಂದಾಯದ ಕಾಗದವೊಂದನ್ನು ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಅಂಗಡಿಯ ಹೆಣ್ಣುಮಗಳು ನನ್ನ ಪೆನ್‌ಡ್ರೈವನ್ನು ಸಿಕ್ಕಿಸಿ, ಪರದೆ ನೋಡಿ, "ಫಾರ್ಮ್ಯಾಟ್ ಮಾಡ್ಬೇಕಾ ಅಂತ ಕೇಳ್ತೈತೆ ಸಾರ್, ಎಸ್ ಕೊಡ್ಲಾ?" ಎಂದಳು. "ಬೇಡಾ!" ಎಂದು ನಾನು ಕಿರುಚಿದ ರಭಸಕ್ಕೆ ಲ್ಯಾಮಿನೇಷನ್‌ಗೆ ನಿಂತಿದ್ದ ಇಬ್ಬರು ಹಿಂದೆ ಸರಿದರು. ಆಕೆ ಮೌಸಿನಿಂದ ಕೈ ತೆಗೆದು, ಹಾವು ಕಂಡವರನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಅಲ್ಲಿಂದ ಹೊರಬಂದವನು ಮನೆಯ ಕಡೆ ಹೋಗಲಿಲ್ಲ. ಎಲ್ಲಿಗೆ ಹೋದೆ ಎಂದು ಹೇಳುವ ಮೊದಲು, ನಾನು ತಿಪಟೂರಿನ ಗಣ್ಯನಾಗಿದ್ದ ಕಾಲದ ಸಂಗತಿಯನ್ನು ನಿಮಗೆ ಹೇಳಬೇಕು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕೊಬ್ಬರಿ ಮಂಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನ ಕಂಪ್ಯೂಟರ್ ಇನ್‌ಸ್ಟಿಟ್ಯೂಟ್ ಇತ್ತು. ಆರು ಕಂಪ್ಯೂಟರುಗಳು, ಆರಕ್ಕೂ ನನ್ನ ಹೆಂಡತಿ ಹೊಲಿದ ಹೂವಿನ ಮುಸುಕುಗಳು. ಒಳಗೆ ಬರುವವರು ಚಪ್ಪಲಿ ಬಿಟ್ಟು ಬರಬೇಕು. ಯಾಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಆರು ತಿಂಗಳು ಕಲಿತು ತಂದಿದ್ದ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ದೇವರ ಪಟಕ್ಕಿಂತ ಒಂದು ಗೇಣು ಮೇಲೆ ತಗುಲಿಹಾಕಿದ್ದೆ. ಊರವರೆಲ್ಲ ಮೇಷ್ಟ್ರೇ ಎನ್ನುತ್ತಿದ್ದರು. ಟೀವಿ ಕೆಟ್ಟರೂ ನನ್ನನ್ನೇ ಕೇಳುತ್ತಿದ್ದರು. ಗೊತ್ತಿಲ್ಲ ಎಂದರೆ ಘನತೆಗೆ ಕುಂದೆಂದು "ವೋಲ್ಟೇಜ್ ಪ್ರಾಬ್ಲಂ" ಎನ್ನುತ್ತಿದ್ದೆ. ಎಲ್ಲ ಕಾಯಿಲೆಗೂ ಒಂದೇ ಮಾತ್ರೆ ಕೊಡುವ ಡಾಕ್ಟರು ಎಲ್ಲ ಊರಿನಲ್ಲೂ ಒಬ್ಬರಿರುತ್ತಾರಲ್ಲ, ಹಾಗೆ.

ನಿಜವಾಗಿ ಕೆಲಸ ಗೊತ್ತಿದ್ದವನು ನಯಾಜ್. ಮೂರು ಬೀದಿ ಆಚೆ, ತನ್ನ ಮನೆಯ ಮುಂಭಾಗದಲ್ಲೇ ಅವನದು ಪಂಪ್‌ಸೆಟ್ ಮೋಟರುಗಳ ವೈಂಡಿಂಗ್ ಅಂಗಡಿ. ಸುಟ್ಟ ಮೋಟರುಗಳ ನಡುವೆ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು, ಯಾವುದೋ ಪತ್ರಿಕೆಯ ಜೊತೆ ಬಿಟ್ಟಿ ಬಂದಿದ್ದ ಸೀಡಿಯಿಂದ ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿ, ತಾನೇ ಓದಿ ತಾನೇ ಕಲಿಯುತ್ತಿದ್ದ. ನನ್ನ ಇನ್‌ಸ್ಟಿಟ್ಯೂಟಿನ ಯಂತ್ರಗಳು ಕೆಟ್ಟಾಗ ಬಂದು ಸರಿಮಾಡುತ್ತಿದ್ದವನೂ ಅವನೇ. ಆಗ ನಾನು ಪಕ್ಕದಲ್ಲಿ ನಿಂತು, "ಹ್ಞೂಂ, ನಾನೂ ಅದೇ ಅಂದ್ಕೊಂಡೆ" ಎನ್ನುತ್ತಿದ್ದೆ.

ಕೆಳಗಿನ ಮಂಡಿಯ ಯಜಮಾನರು ದಂಡಿನಶಿವರದ ಕಡೆಯ ರುದ್ರಣ್ಣ. ಅರವತ್ತರ ಹತ್ತಿರದ ಅವರಿಗೆ ಹುಡುಗಾಟದ ವಯಸ್ಸಿನಿಂದಲೂ ಪೌರಾಣಿಕ ನಾಟಕದಲ್ಲಿ ದೊರೆಯ ಪಾತ್ರ ಮಾಡುವ ಆಸೆ. ಪ್ರತಿ ಸಲವೂ ಅವರಿಗಿಂತ ದೊಡ್ಡ ಗಂಟಲಿನವರೊಬ್ಬರು ಅಡ್ಡ ಬರುತ್ತಿದ್ದರು. ಆ ವರ್ಷ ಅಂತೂ ಪಾತ್ರ ಸಿಕ್ಕಿತು. ಹಾರ್ಮೋನಿಯಂ ಮೇಷ್ಟ್ರನ್ನು ಮಂಡಿಗೇ ಕರೆಸಿಕೊಂಡು ನಾಲ್ಕು ತಿಂಗಳು ಅಭ್ಯಾಸ ಮಾಡಿದರು. ಕೆಳಗೆ ಅವರು ಆರ್ಭಟಿಸಿದರೆ ಮೇಲೆ ನನ್ನ ವಿದ್ಯಾರ್ಥಿಗಳು ತಪ್ಪು ಟೈಪು ಮಾಡುತ್ತಿದ್ದರು. ಆದರೆ ನಾಟಕಕ್ಕೆ ವಾರವಿರುವಾಗ ಅವರ ಹೆಂಡತಿ ಗೌರಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಇಡೀ ಊರು ನೋಡಿದ ನಾಟಕವನ್ನು ಆಕೆಯೊಬ್ಬರು ನೋಡಲಿಲ್ಲ. ಅದಕ್ಕೇ ರುದ್ರಣ್ಣ ವಿಡಿಯೋ ಮಾಡಿಸಿದ್ದು.

ವಿಡಿಯೋದವನು ನಾಟಕವನ್ನೆಲ್ಲ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ತುಂಬಿ ಕೊಟ್ಟು, ಮೂಲ ಕ್ಯಾಸೆಟ್ಟುಗಳ ಮೇಲೆ ಮರುವಾರವೇ ಯಾರದೋ ಮದುವೆ ಹಿಡಿದುಬಿಟ್ಟ. ಡಿಸ್ಕನ್ನು ರುದ್ರಣ್ಣ ನನ್ನ ಕೈಗೆ ಕೊಟ್ಟು, "ಮೇಷ್ಟ್ರೇ, ಇದ್ರಾಗೆ ನನ್ನ ಪ್ರಾಣ ಐತೆ ಕಣ್ರೀ" ಎಂದರು. ಕೆಲಸ ಮೂರು ಕಡೆ ಆಗಬೇಕಿತ್ತು. ಹೆಸರು, ಹೂವು, ನಕ್ಷತ್ರಗಳನ್ನು ಸೇರಿಸುವುದು ನನ್ನ ವಿಂಡೋಸ್ ಕಂಪ್ಯೂಟರಿನಲ್ಲಿ. ಮೈಕಿನ ಗುಂಯ್ ಸದ್ದು ತೆಗೆಯುವುದು ನಯಾಜನ ಲಿನಕ್ಸಿನಲ್ಲಿ. ಕೊನೆಗೆ ಡೀವೀಡಿ ಮಾಡುವ ಬೆಂಗಳೂರಿನವರ ಹತ್ತಿರ ಇದ್ದದ್ದು ಮ್ಯಾಕ್. ಈ ಮೂರಕ್ಕೂ ಪರಸ್ಪರ ಪಂಕ್ತಿಭೇದ. ಒಂದು ಬರೆದದ್ದನ್ನು ಇನ್ನೊಂದು ಹೇಗೋ ಓದೀತು, ಆದರೆ ಅದರ ಮೇಲೆ ತಾನು ಬರೆಯಲೊಲ್ಲದು. ಡಿಸ್ಕನ್ನು ಫಾರ್ಮ್ಯಾಟ್ ಮಾಡಲು ಮೂವರಿಗೂ ಒಪ್ಪಿಗೆಯಾಗುವ ಹಳೆಯ ವಿಧಾನವೊಂದಿತ್ತು. ಅದು ನಾಲ್ಕು ಜಿಬಿಗಿಂತ ದೊಡ್ಡ ಫೈಲನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ.

"ಸೀನ್ ಸೀನಾಗಿ ತುಂಡು ಮಾಡಿದ್ರೆ ಆ ಹಳೇದ್ರಲ್ಲೇ ಹಿಡೀತದೆ ಸಾರ್" ಎಂದ ನಯಾಜ್. ಅದೇ ಸರಿಯಾದ ದಾರಿ. ಆದರೆ ಮೋಟರ್ ಸುತ್ತುವವನು ಹೇಳಿದ ದಾರಿಯಲ್ಲಿ ಸರ್ಟಿಫಿಕೇಟಿನವನು ನಡೆಯುವುದುಂಟೆ? "ಡಿಸ್ಕನ್ನೇ ಮೂರು ಪಾರ್ಟಿಷನ್ ಮಾಡ್ತೀನಿ ಕಣಯ್ಯ, ಒಂದೊಂದು ಸಿಸ್ಟಮ್‌ಗೆ ಒಂದೊಂದು" ಎಂದೆ. ಭಾಗ ಮಾಡುವುದು ನಮ್ಮ ಸೀಮೆಯಲ್ಲಿ ಹೇಳಿಕೊಡಬೇಕಾದ ವಿದ್ಯೆಯೇನಲ್ಲ. ಅಣ್ಣತಮ್ಮಂದಿರು ತೆಂಗಿನ ಮರದ ನೆರಳನ್ನೂ ಅಳೆದು ಹಂಚಿಕೊಂಡ ಊರುಗಳಿವೆ.

"ಮಾಡಿ ಸಾರ್, ಆದ್ರೆ ಮೊದ್ಲು ಒಳಗಿರೋದ್ನ ಬೇರೆ ಕಡೆ ಕಾಪಿ ಮಾಡ್ಕಳಿ."

"ನಂಗೆ ಹೇಳಿಕೊಡ್ತೀಯಾ?" ಎಂದೆ.

ಮರುದಿನ ಈ ಮಹತ್ಕಾರ್ಯವನ್ನು ತರಗತಿಯಲ್ಲೇ ಮಾಡಿ ತೋರಿಸಲು ನಿಶ್ಚಯಿಸಿದೆ. ಹದಿನಾಲ್ಕು ವಿದ್ಯಾರ್ಥಿಗಳು. ಬೋರ್ಡಿನ ಮೇಲೆ ದುಂಡಗೆ ಡಿಸ್ಕು ಬರೆದು, ಹೋಳಿಗೆ ಕತ್ತರಿಸಿದ ಹಾಗೆ ಮೂರು ಭಾಗ ಮಾಡಿದೆ. ಆಮೇಲೆ ಕಂಪ್ಯೂಟರಿನ ಮುಂದೆ ಕೂತೆ. ಎಲ್ಲವೂ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಅದು ಕೇಳಿತು. ಕಂಪ್ಯೂಟರು ಇಂಥ ಹೆದರಿಕೆಯ ಮಾತುಗಳನ್ನು ಆಡುತ್ತಲೇ ಇರುತ್ತದೆ, ಅಂಜಬಾರದು ಎಂದು ವಿದ್ಯಾರ್ಥಿಗಳಿಗೆ ವಿವರಿಸಿ 'ಎಸ್' ಒತ್ತಿದೆ. ಇನ್ನೊಮ್ಮೆ ಕೇಳಿತು. ಇನ್ನೊಮ್ಮೆ ಒತ್ತಿದೆ. ಸ್ವಲ್ಪ ಹೊತ್ತಿಗೆ ಮೂರು ಭಾಗಗಳು ತೊಳೆದಿಟ್ಟ ತಟ್ಟೆಗಳ ಹಾಗೆ ಪರದೆಯ ಮೇಲೆ ಹೊಳೆದವು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ನಾನು ಕೈಮುಗಿದೆ. ಅವರು ಹೋದ ಮೇಲೆ ನಾಟಕವನ್ನು ಹುಡುಕಿದೆ. ಒಂದರಲ್ಲಿ ಇರಲಿಲ್ಲ, ಎರಡರಲ್ಲಿ ಇರಲಿಲ್ಲ, ಮೂರರಲ್ಲೂ ಇರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ರುದ್ರಣ್ಣನವರ ಹೆಜ್ಜೆ ಸದ್ದು. "ಎಲ್ಲೀಗಂಟ ಬಂತು ಮೇಷ್ಟ್ರೇ? ನಮ್ಮೋಳು ದಿನಾ ಕೇಳ್ತಾವ್ಳೆ."

ನನ್ನ ಬಾಯಿಂದ ಬಂದ ಮಾತನ್ನು ಇಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. "ಡಿಸ್ಕು ನಯಾಜ್ ಹತ್ರ ಹೋಗಿತ್ತು. ಅಲ್ಲಿ ಏನೋ ಎಡವಟ್ಟಾಗಿ ಎಲ್ಲಾ ಅಳಿಸಿಹೋಗಿದೆ" ಎಂದೆ. ರುದ್ರಣ್ಣ ಬೈಯಲಿಲ್ಲ. ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಹೋದರು. ಹದಿನಾಲ್ಕು ಜನರ ಕಣ್ಣೆದುರು ಮಾಡಿದ್ದನ್ನು ಇನ್ನೊಬ್ಬನ ತಲೆಗೆ ಕಟ್ಟುವ ಧೈರ್ಯ ನನಗೆಲ್ಲಿಂದ ಬಂತು ಎಂದು ನೀವು ಕೇಳಬಹುದು. ನನ್ನ ವಿದ್ಯಾರ್ಥಿಗಳಿಗೆ ಏನೂ ಅರ್ಥವಾಗಿರುವುದಿಲ್ಲ ಎಂಬ ಭರವಸೆ. ನನ್ನ ಪಾಠದ ಮೇಲೆ ನನಗೆ ಅಷ್ಟು ನಂಬಿಕೆಯಿತ್ತು.

ಸುದ್ದಿ ನಯಾಜನಿಗೆ ಅಂದೇ ಮುಟ್ಟಿತು. ಬಂದು ಬಾಗಿಲಲ್ಲಿ ನಿಂತ. ಅವತ್ತು ಮಾತ್ರ ಚಪ್ಪಲಿ ಬಿಡಲಿಲ್ಲ.

"ನಾನು ಅಳಿಸಿದ್ನಾ ಸಾರ್?"

"ಹಂಗಲ್ಲ ನಯಾಜ್, ಆ ಹೊತ್ತಿಗೆ ಏನೋ ಒಂದು..."

"ಡಿಸ್ಕ್ ಕೊಡಿ. ಅದ್ರ ಮೇಲೆ ಏನೂ ಬರೀಬೇಡಿ."

ತೆಗೆದುಕೊಂಡು ಹೋದ. ಫಾರ್ಮ್ಯಾಟ್ ಮಾಡಿದರೂ ಫೈಲುಗಳ ಹೆಸರಷ್ಟೇ ಅಳಿಸಿ ಮಾಲು ಒಳಗೇ ಉಳಿದಿರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಮೂರು ದಿನ ಬೇರೆ ಕೆಲಸ ಮುಟ್ಟದೆ, ಕರೆಂಟು ಹೋದಾಗೆಲ್ಲ ಲಾರಿ ಬ್ಯಾಟರಿಯಿಂದ ಕಂಪ್ಯೂಟರ್ ನಡೆಸಿ, ಚೂರುಚೂರಾಗಿ ನಾಟಕವನ್ನು ಹೆಕ್ಕಿ ತೆಗೆದ. ನಾಲ್ಕನೆಯ ದಿನ ಡಿಸ್ಕನ್ನು ನನ್ನ ಮೇಜಿನ ಮೇಲಿಟ್ಟು, "ಹನ್ನೊಂದು ನಿಮಿಷ ಸಿಗ್ಲಿಲ್ಲ ಸಾರ್" ಎಂದಷ್ಟೇ ಹೇಳಿ ಹೋದ. ಸಿಗದಿದ್ದದ್ದು ನಾಟಕಕ್ಕೆ ಮೊದಲು ಗಣ್ಯರು ಮಾಡಿದ ಭಾಷಣ. ಅದು ಎಲ್ಲಿ ಹೋಯಿತೆಂದು ಇವತ್ತಿನವರೆಗೂ ಯಾರೂ ಕೇಳಿಲ್ಲ.

ನಾನು ಅದನ್ನು ಹಿಡಿದು ರುದ್ರಣ್ಣನವರ ಬಳಿಗೆ ಓಡಿದೆ. "ನಾನು ಉಳಿಸಿದೆ" ಎನ್ನಲಿಲ್ಲ. "ಅಂತೂ ಉಳೀತು" ಎಂದೆ. ಮಾಡಿದವನ ಹೆಸರಿಲ್ಲದೆ ವಾಕ್ಯ ಮುಗಿಸುವ ಅನುಕೂಲ ನಮ್ಮ ಭಾಷೆಯಲ್ಲಿದೆ. ಅದನ್ನು ನನ್ನಷ್ಟು ಚೆನ್ನಾಗಿ ಬಳಸಿಕೊಂಡವರು ಕಡಿಮೆ. ರುದ್ರಣ್ಣ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಕೃತಜ್ಞತೆ ಎಂದುಕೊಂಡೆ.

ಗೌರಮ್ಮ ಮಲಗಿದ್ದಲ್ಲಿಂದಲೇ ನಾಟಕ ನೋಡಿದರು. ಗಂಡ ಕಿರೀಟ ಹೊತ್ತು, ರಾಣಿಗೆ ಅರ್ಧ ಗಂಟೆ ಪ್ರೇಮದ ಮಾತಾಡಿದ್ದನ್ನು ಕೇಳಿ, "ಇಷ್ಟೆಲ್ಲಾ ಮಾತು ಬತ್ತದಾ ನಿಮ್ಗೆ! ಮನೇಲಿ ಒಂದಿನಾನೂ ಆಡ್ಲಿಲ್ವಲ್ಲ" ಎಂದರಂತೆ.

ಡೀವೀಡಿ ಬಂದ ಮೇಲೆ ಮಂಡಿಯ ಅಂಗಳದಲ್ಲೇ ಒಂದು ಸಮಾರಂಭ ಮಾಡಿ ನನಗೆ ಸನ್ಮಾನ ಇಟ್ಟರು. ಶಾಲು, ಹಾರ, ಹಣ್ಣಿನ ಬುಟ್ಟಿ. ಮೈಕ್ ಸೆಟ್ ನೋಡಿಕೊಳ್ಳುತ್ತಿದ್ದವನು ನಯಾಜ್. ರುದ್ರಣ್ಣ ತಾವೇ ಮೈಕ್ ತಂದು ನನ್ನ ಕೈಗಿಟ್ಟು, "ಏನಾನಾ ಹೇಳೋದಿದ್ರೆ ಹೇಳಿ ಮೇಷ್ಟ್ರೇ" ಎಂದರು. ನಾನು ಮಾಹಿತಿಯ ಸುರಕ್ಷತೆಯನ್ನು ಕುರಿತು ಇಪ್ಪತ್ತು ನಿಮಿಷ ಮಾತಾಡಿದೆ. ಜನ ಬಹಳ ಸಂತೋಷದಿಂದ ನಗುತ್ತಿದ್ದರು. ನನ್ನ ಹಾಸ್ಯಪ್ರಜ್ಞೆ ಎಂದುಕೊಂಡೆ. ನಯಾಜ್ ಡಿಸ್ಕು ಅಳಿಸಿದನೆಂಬ ಸುದ್ದಿಯಿಂದಾಗಿ ಎರಡು ವಾರ ರಿಪೇರಿಗೆ ತುರುವೇಕೆರೆಗೆ ಹೋಗಿದ್ದ ದಂಡಿನಶಿವರದ ಮೋಟರುಗಳು ಅಷ್ಟರಲ್ಲಿ ನಯಾಜನ ಅಂಗಡಿಗೆ ವಾಪಸ್ಸು ಬಂದಿದ್ದವು. ಜನ ಮರೆತರು ಎಂದು ಸಮಾಧಾನ ಮಾಡಿಕೊಂಡೆ. ಅವನು ಮಾತ್ರ ಮತ್ತೆ ನನ್ನ ಮೆಟ್ಟಿಲು ಹತ್ತಲಿಲ್ಲ. ಇನ್‌ಸ್ಟಿಟ್ಯೂಟ್ ಮುಚ್ಚಿ ಎಷ್ಟೋ ಕಾಲವಾಯಿತು; ಮಂಡಿಯ ಪಕ್ಕದ ನನ್ನ ಮನೆ ಮಾತ್ರ ಅಲ್ಲೇ ಇದೆ. ದಾರಿಯಲ್ಲಿ ಎದುರಾದರೆ ಇಬ್ಬರೂ ತಲೆಯಾಡಿಸುತ್ತಿದ್ದೆವು, ಅಷ್ಟೇ.

ಜೆರಾಕ್ಸ್ ಅಂಗಡಿಯಿಂದ ಕಳೆದ ವಾರ ನಾನು ನೇರವಾಗಿ ಹೋದದ್ದು ಅವನ ಅಂಗಡಿಗೆ. ಈಗ ಅದು ಸಿಸಿ ಕ್ಯಾಮೆರಾಗಳ ದೊಡ್ಡ ಮಳಿಗೆ. ಒಳಗೆ ಕುರ್ಚಿಯಲ್ಲಿ ತೋಟಕ್ಕೆ ಕ್ಯಾಮೆರಾ ಕೇಳಲು ಬಂದ ರುದ್ರಣ್ಣ, ಮುಪ್ಪಾಗಿದ್ದರೂ ಅದೇ ಗಂಟಲು. ಹಿಂದಕ್ಕೆ ತಿರುಗಿಬಿಡೋಣವೆನ್ನಿಸಿತು. ತಿರುಗಲಿಲ್ಲ. "ಆ ಡಿಸ್ಕು ಅಳಿಸಿದ್ದು ನಾನು. ಉಳಿಸಿದ್ದು ನಯಾಜ್" ಎಂದೆ.

ರುದ್ರಣ್ಣ ನಕ್ಕರು. "ಅಯ್ಯೋ ಬುಡಿ ಮೇಷ್ಟ್ರೇ. ನಿಮ್ ಕ್ಲಾಸಲ್ಲಿ ನನ್ ತಂಗಿ ಮಗ್ಳು ಇದ್ಲು ಕಣ್ರೀ. 'ಮೇಷ್ಟ್ರು ಡಿಸ್ಕು ಖಾಲಿ ಮಾಡಿ ತೋರ್ಸಿದ್ರು, ಚಪ್ಪಾಳೆ ಹೊಡುದ್ವಿ' ಅಂತ ಅವತ್ತು ಸಂಜೇನೇ ಹೇಳಿದ್ಲು. ಎರಡ್ ವಾರ ಕಾದು ನೋಡಿ ಊರಿಗೆಲ್ಲ ನಾನೇ ಹೇಳ್ದೆ. ನೀವಾಗೇ ಒಪ್ಕತೀರೇನೋ ಅಂತ್ಲೇ ಮೈಕ್ ಕೊಟ್ಟಿದ್ದು."

ಇಪ್ಪತ್ತು ನಿಮಿಷ ಎಂಬುದು ಎಷ್ಟು ಉದ್ದವೆಂದು ಅಲ್ಲಿ ನಿಂತಾಗ ಗೊತ್ತಾಯಿತು.

ನಯಾಜ್ ನಗಲಿಲ್ಲ. ಕೈಯಲ್ಲಿದ್ದ ವೈರನ್ನು ಕೆಳಗಿಟ್ಟು, "ಸಾರ್, ಬಂದಿದ್ದೀರಲ್ಲ, ಒಂದ್ಕೆಲ್ಸ ಮಾಡಿ. ಒಳಗೆ ಹೋಗಿ ನಮ್ಮಮ್ಮಂಗೆ ಹೇಳಿ" ಎಂದ. "ಅವ್ರು ಮಾತ್ರ ಇನ್ನೂ ನಾನೇ ಅಳಿಸಿದ್ದು ಅಂದ್ಕೊಂಡವ್ರೆ. ಅವತ್ತು ನಿಜ ಹೇಳಿದ್ರೆ ನಿಮ್ಮ ಸ್ಟೂಡೆಂಟ್ಸ್ ಮುಂದೇನೇ ಬಂದು ಜಗಳ ತೆಗೀತಿದ್ರು. ಅದಕ್ಕೇ ನನ್ನ ಕೈಯಿಂದಾನೇ ಆಯ್ತು ಅಂದಿದ್ದೆ. ಆಮೇಲೆ ಹೇಳಿದ್ರೆ ನಂಬ್ಲಿಲ್ಲ. ಮೇಷ್ಟ್ರ ಮೇಲೆ ಹಾಕ್ಬೇಡ ಅಂತ ಬೈದ್ರು."

ಚಪ್ಪಲಿ ಬಿಟ್ಟು ಒಳಗೆ ಹೋದೆ. ಮುದುಕಿ ಮಂಚದ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ; ಈ ಸಲ ಪ್ರತಿ ವಾಕ್ಯದಲ್ಲೂ 'ನಾನು' ಇತ್ತು. ಆಕೆ ಮೊರವನ್ನು ಪಕ್ಕಕ್ಕಿಟ್ಟು, ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು.

"ಇಷ್ಟ್ ವರ್ಷ ಎಲ್ಲೋಗಿದ್ರಿ ಮೇಷ್ಟ್ರೇ?"

"ಎಲ್ಲೂ ಹೋಗಿರ್ಲಿಲ್ಲಮ್ಮ" ಎಂದೆ. "ಇಲ್ಲೇ ಇದ್ದೆ. ಮೂರು ಬೀದಿ ಆಚೆ."