ನಮ್ಮ ಶಾಲೆಯ ಹೆಣ್ಣುಮಕ್ಕಳ ಬ್ಯಾಂಡು

ಎಂಟನೆಯ ತರಗತಿಗೆ ಸೇರಿದ ದಿನ ನನ್ನ ವರ್ಗದ ಕೋಣೆ ಯಾವುದೆಂದು ಹುಡುಕುವುದರಲ್ಲೇ ಮೊದಲ ಪಿರಿಯಡ್ ಮುಗಿದುಹೋಗಿತ್ತು. ವಾಡಿಯಿಂದ ಶಹಾಬಾದಿಗೆ ಹೋಗುವ ರಸ್ತೆಯ ಬದಿಗೆ, ಊರಿನ ಮನೆಗಳು ಮುಗಿದ ಮೇಲೆ ಇದ್ದ ಸರ್ಕಾರಿ ಪ್ರೌಢಶಾಲೆ ಅದು. ಎಂಟನೆಯದಕ್ಕೇ ಆರು ವಿಭಾಗ. ಒಂದು ಕಡೆ ಕನ್ನಡ ಮಾಧ್ಯಮ, ಇನ್ನೊಂದು ಕಡೆ ಉರ್ದು ಮಾಧ್ಯಮ, ನಡುವೆ ಪರಸಿ ಕಲ್ಲು ಹಾಸಿದ ಉದ್ದನೆಯ ಪಡಸಾಲೆ. ರೈಲ್ವೆ ಕ್ವಾರ್ಟರ್ಸಿನ ಮಕ್ಕಳು, ಕಲ್ಲುಗಣಿಯಲ್ಲಿ ದುಡಿಯುವವರ ಮಕ್ಕಳು, ಸಿಮೆಂಟ್ ಕಾರ್ಖಾನೆಯವರ ಮಕ್ಕಳು, ಸುತ್ತಲಿನ ಹಳ್ಳಿಗಳಿಂದ ಸೈಕಲ್ ಮೇಲೆ ಬರುವವರು, ಎಲ್ಲರೂ ಬೆಳಗಿನ ಪ್ರಾರ್ಥನೆಗೆ ಒಂದೇ ಮೈದಾನದಲ್ಲಿ ನಿಂತರೆ ಕೊನೆಯ ಸಾಲಿನವರಿಗೆ ಹೆಡ್ಮಾಸ್ಟರ ಮುಖ ಕಾಣುತ್ತಿರಲಿಲ್ಲ. ನಾನು ಕೊನೆಯ ಸಾಲಿನವಳು. ಎತ್ತರ ಇದ್ದೆ, ಅದಕ್ಕೆ.

ಆ ಎತ್ತರದಿಂದಲೇ ನನಗೆ ಮೊದಲ ಹುದ್ದೆಯೂ ಸಿಕ್ಕಿತು. ನಮ್ಮಲ್ಲಿ ಶಾಲಾ ಸಂಸತ್ತು ಇತ್ತು. ಪ್ರಧಾನಮಂತ್ರಿಯಿಂದ ಹಿಡಿದು ಬಿಸಿಯೂಟದ ಮಂತ್ರಿಯ ತನಕ ಎಲ್ಲರಿಗೂ ಚೀಟಿ ಹಾಕಿ ಮತದಾನ. ನೀರಿನ ಮಂತ್ರಿಗೆ ಮಾತ್ರ ಮತದಾನ ಇರಲಿಲ್ಲ, ಏಕೆಂದರೆ ನೀರಿನ ಟಾಕಿಯ ವಾಲ್ವು ಗೋಡೆಯ ಮೇಲೆ ಎತ್ತರದಲ್ಲಿತ್ತು ಮತ್ತು ಹುಡುಗಿಯರಲ್ಲಿ ಅದು ಎಟುಕುತ್ತಿದ್ದುದು ನನಗೊಬ್ಬಳಿಗೇ. ದಿನಾ ಊಟದ ಹೊತ್ತಿಗೆ ನಾನು ಕೈ ಮೇಲೆತ್ತಿ ವಾಲ್ವು ತಿರುಗಿಸಬೇಕು, ತಾಟು ತೊಳೆದಾದ ಮೇಲೆ ಮತ್ತೆ ಬಂದ್ ಮಾಡಬೇಕು. ಮನೆಗೆ ಬಂದು ಹೇಳಿದಾಗ ಅವ್ವ ನಕ್ಕಿದ್ದೇ ನಕ್ಕಿದ್ದು. ಅಪ್ಪ ನಗಲಿಲ್ಲ. ‘ಮಂತ್ರಿ ಅಂದ್ರ ಮಂತ್ರಿ. ದಿನಾ ಟೈಮಿಗಿ ಹೋಗು,’ ಅಂದ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿಯ ಮೇಲೆ ಕೆಲಸ ಮಾಡುವವನಿಗೆ ಹೊತ್ತು ಅಂದರೆ ಏನೆಂದು ಗೊತ್ತಿರುತ್ತದೆ.

ಒಂಬತ್ತನೆಯದಕ್ಕೆ ಬಂದಾಗ ಸೇಡಂ ಕಡೆಯಿಂದ ವರ್ಗವಾಗಿ ಹೊಸ ಪಿ.ಟಿ. ಟೀಚರ್ ಬಂದರು. ಸಣ್ಣ ಆಳು, ದೊಡ್ಡ ದನಿ. ಬಂದ ವಾರವೇ ಆಟದ ಸಾಮಾನಿನ ಕೋಣೆ ತೆಗೆಸಿ, ಮುರಿದ ಬೆಂಚುಗಳನ್ನು ಹೊರಗೆ ಹಾಕಿಸಿದರು. ಬೆಂಚುಗಳ ಹಿಂದೆ ಹಳೆಯ ಬ್ಯಾಂಡ್ ಸೆಟ್ಟು ಸಿಕ್ಕಿತು. ಒಂದು ದೊಡ್ಡ ಡ್ರಮ್ಮು, ಎಂಟು ಸಣ್ಣ ಡ್ರಮ್ಮು, ಹಿತ್ತಾಳೆಯ ತಾಳ ಒಂದು ಜೋಡಿ, ಊದಿದರೆ ಗಾಳಿಯಷ್ಟೇ ಬರುವ ಬಿಗುಲ್. ಸಿಮೆಂಟಿನ ಧೂಳು ಅದರ ಮೇಲೆ ಬೆರಳ ದಪ್ಪ ಕೂತಿತ್ತು. ಗಂಡುಹುಡುಗರೆಲ್ಲ ಆಗ ಕಬಡ್ಡಿಯ ಹುಚ್ಚಿನಲ್ಲಿದ್ದರು. ಟೀಚರ್ ಶನಿವಾರದ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂಬತ್ತನೆಯ ತರಗತಿಯ ಹೆಣ್ಣುಮಕ್ಕಳನ್ನೆಲ್ಲ ಮೈದಾನದಲ್ಲಿ ಕೂರಿಸಿ, ‘ನಾ ಒಂದು ಎರಡು ಅಂತೀನಿ, ನೀವು ಚಪ್ಪಾಳಿ ಹೊಡೀರಿ. ನಾ ಅನ್ನೋದು ಬಿಟ್ಟ ಮ್ಯಾಲೂ ಹೊಡೀಬೇಕು,’ ಅಂದರು.

ಅವರು ಎಣಿಸುವುದನ್ನು ನಿಲ್ಲಿಸಿದ ಮೇಲೆ ಒಬ್ಬೊಬ್ಬರ ಚಪ್ಪಾಳೆ ಓಡತೊಡಗಿತು, ಒಬ್ಬೊಬ್ಬರದು ಹಿಂದೆ ಬಿತ್ತು, ಕೆಲವರು ನಕ್ಕು ಬಿಟ್ಟೇಬಿಟ್ಟರು. ನಾನು ಕಣ್ಣು ಮುಚ್ಚಿ ಹೊಡೆಯುತ್ತಿದ್ದೆ. ತೆರೆದು ನೋಡಿದರೆ ಟೀಚರ್ ನನ್ನ ಎದುರಿಗೆ ನಿಂತಿದ್ದರು.

‘ಏ ಹುಡುಗಿ, ನಿನಗ ಯಾರು ಕಲಿಸ್ಯಾರ?’

‘ಯಾರೂ ಇಲ್ರಿ ಟೀಚರ್.’

‘ಹಂಗಾದ್ರ ಏಳು. ದೊಡ್ಡ ಡ್ರಮ್ಮು ನಿಂದು.’

ಹೀಗೆ ಹತ್ತು ಮಂದಿಯ ಬ್ಯಾಂಡು ಆಯಿತು. ಶಾಲೆ ಬಿಟ್ಟ ಮೇಲೆ ದಿನಾ ಒಂದು ತಾಸು ಅಭ್ಯಾಸ. ಜನವರಿ ಇಪ್ಪತ್ತಾರಕ್ಕೆ ಚಿತ್ತಾಪುರದ ತಾಲ್ಲೂಕು ಮೈದಾನದಲ್ಲಿ ನಡೆಯುವ ಪಥಸಂಚಲನದಲ್ಲಿ ನಾವೇ ಬಾರಿಸಬೇಕೆಂದು ಟೀಚರ್ ಹಟ ಹಿಡಿದಿದ್ದರು. ನನಗೆ ಆ ಒಂದು ತಾಸು ಇಡೀ ದಿನಕ್ಕಿಂತ ಹೆಚ್ಚು. ಆದರೆ ಮನೆಯಲ್ಲಿ ಹೇಳಿರಲಿಲ್ಲ. ಖೋಖೋ ಆಡಲಿಕ್ಕೆ ನಿಲ್ಲುತ್ತೇನೆ ಅಂದಿದ್ದೆ.

ಯಾಕೆ ಹೇಳಿರಲಿಲ್ಲ ಅಂದರೆ, ನಮ್ಮ ಮುತ್ಯಾ, ಅಪ್ಪನ ಅಪ್ಪ, ಹಲಗೆ ಬಾರಿಸುತ್ತಿದ್ದವನು. ಸನ್ನತಿಯ ಆಚೆ, ಭೀಮೆಯ ದಂಡೆಯ ಹಳ್ಳಿ ನಮ್ಮದು. ಊರಲ್ಲಿ ಯಾರು ಸತ್ತರೂ, ಡಂಗುರ ಸಾರುವುದಿದ್ದರೂ ನಮ್ಮ ಮನೆಗೇ ಕರೆ. ಹಲಗೆಯ ತೊಗಲು ಕಾಯಿಸಿ ಬಿಗಿ ಮಾಡಲಿಕ್ಕೆ ಹುಲ್ಲಿನ ಹೊರೆ ಹೊತ್ತು ಮುತ್ಯಾನ ಹಿಂದೆ ಹೋಗುವುದು ಸಣ್ಣವನಿದ್ದಾಗ ಅಪ್ಪನ ಕೆಲಸವಾಗಿತ್ತು. ಉಳಿದವರೆಲ್ಲ ನೆರಳಿನಲ್ಲಿ, ಇವರು ದೂರ ಬಿಸಿಲಿನಲ್ಲಿ. ಅಪ್ಪನಿಗೆ ರೈಲ್ವೆ ನೌಕರಿ ಸಿಕ್ಕು, ಕಲಬುರಗಿಯಲ್ಲಿ ದೀಕ್ಷೆ ತೆಗೆದುಕೊಂಡು ಮನೆಮಂದಿಯೆಲ್ಲ ಬೌದ್ಧರಾದ ವರ್ಷ, ಆ ಹಲಗೆಯನ್ನು ಅಪ್ಪನೇ ಒಯ್ದು ಹೊಳೆಗೆ ಬಿಟ್ಟುಬಂದನಂತೆ. ಮುತ್ಯಾನನ್ನು ವಾಡಿಗೆ ಕರೆತಂದ. ಅಂದಿನಿಂದ ನಮ್ಮ ಮನೆಯಲ್ಲಿ ತಾಟಿನ ಮೇಲೆ ಬೆರಳು ಬಡಿದರೂ ಅಪ್ಪ ತಲೆ ಎತ್ತಿ ನೋಡುತ್ತಿದ್ದ.

ಅವ್ವನಿಗೆ ಮಾತ್ರ ಒಂದು ದಿನ ತಲೆ ಬಾಚುವಾಗ ಗೊತ್ತಾಯಿತು. ಡ್ರಮ್ಮಿನ ಪಟ್ಟಿ ಒತ್ತಿ ನನ್ನ ಕುತ್ತಿಗೆಯ ಹತ್ತಿರ ಕೆಂಪಗೆ ಬರೆ ಎದ್ದಿತ್ತು. ಕೇಳಿದಳು, ಹೇಳಿದೆ. ಬಾಚಣಿಗೆ ನಿಂತಿತು. ‘ನಿಮ್ಮಪ್ಪಗ ನೀನೇ ಹೇಳಬೇಕು. ನಾ ಹೇಳಂಗಿಲ್ಲ,’ ಅಂದು ಬರೆಯ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿದಳು.

ನಾನು ಹೇಳುವ ಮೊದಲೇ ಇನ್ನೊಂದು ಆಯಿತು. ಸಣ್ಣ ಡ್ರಮ್ಮು ಬಾರಿಸುವವಳೊಬ್ಬಳು ನನ್ನ ಗೆಳತಿ. ಒಳ್ಳೆಯ ಹೊಲಮನೆ ಇದ್ದವರ ಮಗಳು, ಬಿಸಿಯೂಟಕ್ಕೆ ನನ್ನ ಪಕ್ಕದಲ್ಲೇ ಕೂರುವವಳು. ಒಂದು ಸಂಜೆ ಅವಳ ಕೈ ಮತ್ತೆಮತ್ತೆ ತಪ್ಪುತ್ತಿತ್ತು. ಟೀಚರ್ ಆಕಡೆ ಹೋದಾಗ ಯಾರೋ, ‘ಆಕಿ ನೋಡು, ಒಮ್ಮೆನೂ ತಪ್ಪಂಗಿಲ್ಲ,’ ಅಂದರು. ನನ್ನ ಗೆಳತಿ ನಗುತ್ತ, ‘ಆಕಿಗೇನು ಬಿಡು, ಅವರ ಮನಿ ಕಸಬೇ ಅದು,’ ಅಂದಳು.

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅದೂ ಗೊತ್ತು. ಅದರಿಂದಲೇ ಹೆಚ್ಚು ನೋವಾಯಿತು. ನಾನು ಡ್ರಮ್ಮು ಇಳಿಸಿ ನೆಲದ ಮೇಲೆ ಇಟ್ಟು ಮನೆಗೆ ಬಂದೆ. ನಾಲ್ಕು ದಿನ ಅಭ್ಯಾಸಕ್ಕೆ ಹೋಗಲಿಲ್ಲ. ವಾಲ್ವು ತಿರುಗಿಸುವ ಕೆಲಸವನ್ನು ಮಾತ್ರ ಬಿಡಲಿಲ್ಲ. ಐದನೆಯ ದಿನ ಟೀಚರ್ ಟಾಕಿಯ ಹತ್ತಿರವೇ ಬಂದು ನಿಂತರು. ಯಾಕೆ ಅಂದರು. ನಾನು ಅಳುತ್ತ ಎಲ್ಲ ಹೇಳಿದೆ, ಗೆಳತಿ ಅಂದ ಮಾತು, ಮುತ್ಯಾ, ಹೊಳೆಗೆ ಬಿಟ್ಟ ಹಲಗೆ, ಖೋಖೋದ ಸುಳ್ಳು.

ಟೀಚರ್ ನನ್ನ ಕೈಗೆ ತಮ್ಮ ಕರ್ಚೀಫು ಕೊಟ್ಟರು. ಆಮೇಲೆ, ‘ನಿನ್ನ ಆರಿಸಿದಾಗ ನೀ ಯಾರ ಮಗಳು ಅಂತ ನನಗ ಗೊತ್ತಿರ್ಲಿಲ್ಲ. ಗೊತ್ತಿದ್ರ ನಾನೂ ಹೆದರಿ ಬಿಟ್ಟುಬಿಡ್ತಿದ್ನೋ ಏನೋ,’ ಅಂದರು. ದೊಡ್ಡವರೊಬ್ಬರು ನನ್ನ ಮುಂದೆ ಹಾಗೆ ಒಪ್ಪಿಕೊಂಡದ್ದು ಅದೇ ಮೊದಲು.

ಅವರು ಆ ಹುಡುಗಿಯನ್ನು ಬೈಯಲಿಲ್ಲ. ಮರುದಿನದಿಂದ ಹತ್ತೂ ಮಂದಿ ಸರದಿಯ ಮೇಲೆ ದೊಡ್ಡ ಡ್ರಮ್ಮು ಕಲಿಯಬೇಕೆಂದು ನಿಯಮ ಮಾಡಿದರು. ಮೊದಲ ಸರದಿ ಅವಳದೇ. ಎರಡು ದಿನಕ್ಕೆ ಅವಳ ಅಂಗೈಯಲ್ಲಿ ಬೊಬ್ಬೆಗಳೆದ್ದವು. ಮೂರನೆಯ ದಿನ ಊಟದ ಸಾಲಿನಲ್ಲಿ ನನ್ನ ಪಕ್ಕ ಬಂದು ಕುಳಿತು ಕೈ ತೋರಿಸಿದಳು.

‘ಇದು ಇಷ್ಟು ಕಷ್ಟ ಅಂತ ನನಗ ಗೊತ್ತಿರ್ಲಿಲ್ಲ. ನಾ ಹಂಗ ಅನ್ನಬಾರ್ದಿತ್ತು.’

ನಾನು ಇನ್ನೂ ಅಭ್ಯಾಸಕ್ಕೆ ಮರಳಿರಲಿಲ್ಲ. ಆದರೆ ಅವಳ ಪಕ್ಕದಿಂದ ಎದ್ದೂ ಹೋಗಲಿಲ್ಲ.

ಅದೇ ವಾರ ಒಂದು ಸಂಜೆ ಟೀಚರ್ ನಮ್ಮ ಕ್ವಾರ್ಟರ್ಸಿಗೆ ಬಂದರು. ಬರುವುದಾಗಿ ಮೊದಲೇ ಹೇಳಿದ್ದರು, ಹಾಗಾಗಿ ಹಿಂದಿನ ದಿನ ನಾನು ಅಪ್ಪನಿಗೆ ಹೇಳಲೇಬೇಕಾಗಿತ್ತು. ಹೇಳಿದಾಗ ಅಪ್ಪ ಹೊಡೆಯಲಿಲ್ಲ, ಕೂಗಲಿಲ್ಲ. ಉಣ್ಣುವುದನ್ನು ಬಿಟ್ಟು ಕೈ ತೊಳೆದುಕೊಂಡು ಹೊರಗೆ ಹೋಗಿ ಕುಳಿತಿದ್ದ.

‘ಬರ್ರಿ ಟೀಚರ್, ಕುಂದ್ರಿ,’ ಎಂದು ಅಪ್ಪ ಮನೆಯಲ್ಲಿದ್ದ ಒಂದೇ ಕುರ್ಚಿ ಹಾಕಿದ. ಮುತ್ಯಾ ತನ್ನ ಹಗ್ಗದ ಹೊರಸಿನ ಮೇಲೆ ಕುಳಿತಿದ್ದ. ಅವ್ವ ಚಹಾ ಕೊಟ್ಟಳು. ಟೀಚರ್ ಬಂದ ವಿಷಯ ಹೇಳಿದರು. ಅಪ್ಪ ಪೂರ್ತಿ ಕೇಳಿಸಿಕೊಂಡ.

‘ನೀವು ಒಳ್ಳೆ ಮನಸಿಲೆ ಬಂದೀರಿ ಟೀಚರ್, ಅದು ನನಗ ತಿಳೀತದ. ಆದ್ರ ಒಂದು ಕೇಳ್ತೀನಿ. ಊರಾಗ ಕರಿ ಬಂದ್ರ ನಮ್ಮಪ್ಪ ಹೋಗಲೇಬೇಕಿತ್ತು. ಜ್ವರ ಇದ್ರೂ ಅಷ್ಟೇ, ಮನ್ಯಾಗ ಕೂಸು ಹುಟ್ಟಿದ್ರೂ ಅಷ್ಟೇ. ಬರಂಗಿಲ್ಲ ಅನ್ನೂ ಹಕ್ಕು ಅವಗ ಇರ್ಲಿಲ್ಲ. ನನ್ನ ಮಗಳು ಬರಂಗಿಲ್ಲ ಅಂದ್ರ ನಿಮ್ಮ ಸಾಲ್ಯಾಗ ನಡೀತದೇನು?’

‘ನಡೀತದ್ರಿ,’ ಅಂದರು ಟೀಚರ್. ‘ಆಕಿ ಬರೂದು ಬಿಟ್ಟಾಗ ನಾ ಯಾಕ ಅಂತ ಕೇಳೀನಿ, ಬಾ ಅಂದಿಲ್ಲ. ಈಗೂ ಅನ್ನಂಗಿಲ್ಲ. ಬ್ಯಾರೆ ಹುಡುಗ್ಯಾರೂ ಕಲೀಲಿಕತ್ತಾರ. ಆಕಿ ಬರ್ಲಿಲ್ಲ ಅಂದ್ರ ನನಗ ಕೆಟ್ಟ ಅನಿಸ್ತದ, ಅಷ್ಟೇ.’

ಅಪ್ಪ ನನ್ನ ಕಡೆ ತಿರುಗಿದ. ‘ನಿನಗ ಬೇಕೇನು? ಟೀಚರ್ ಮಾರಿ ನೋಡಿ ಹೇಳಬ್ಯಾಡ. ನನ್ನ ಮಾರಿನೂ ನೋಡಬ್ಯಾಡ.’

ನಾನು ನೆಲ ನೋಡುತ್ತ, ‘ಬೇಕು ಅಪ್ಪಾ,’ ಅಂದೆ.

ಆಗ ಮುತ್ಯಾ, ‘ತೊಗಲಿಂದೇನು ಅದು?’ ಎಂದು ಕೇಳಿದ. ಹೌದು ಅಂದರು ಟೀಚರ್. ‘ಹಂಗಾದ್ರ ಮುಂಜಾನಿ ಇಬ್ಬನಿಗಿ ಸಡ್ಲ ಆಗ್ತದ. ಬಾರ್ಸೂಕಿಂತ ಮೊದ್ಲ ಬಿಸಲಾಗ ಇಡ್ರಿ,’ ಅಂದ. ಅಷ್ಟು ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅಪ್ಪ ಅವನ ಬೆನ್ನನ್ನು ನೋಡುತ್ತ ಕುಳಿತ. ಟೀಚರನ್ನು ರಸ್ತೆಯ ತನಕ ಕಳಿಸಿ ಬಂದ ಮೇಲೆ ಇಷ್ಟೇ ಹೇಳಿದ: ‘ಹೋಗು. ಬ್ಯಾಡ ಅನಿಸಿದ ದಿನ ಬಿಡು. ಯಾರನ್ನೂ ಕೇಳಬ್ಯಾಡ.’

ಸರದಿ ಮುಗಿದ ಮೇಲೆ ದೊಡ್ಡ ಡ್ರಮ್ಮು ಯಾರಿಗೆಂದು ಟೀಚರ್ ಹುಡುಗಿಯರನ್ನೇ ಕೇಳಿದರು. ಹತ್ತೂ ಮಂದಿ ಅದನ್ನು ಹೊತ್ತು ನೋಡಿದ್ದರು. ನನ್ನ ಗೆಳತಿಯೇ ಮೊದಲು ನನ್ನ ಹೆಸರು ಹೇಳಿದಳು.

ಜನವರಿ ಇಪ್ಪತ್ತಾರರ ಬೆಳಿಗ್ಗೆ ಬಸ್ಸಿನಲ್ಲಿ ಚಿತ್ತಾಪುರಕ್ಕೆ ಹೋದೆವು. ಚಳಿ ಇತ್ತು, ದಾರಿಯುದ್ದಕ್ಕೂ ಕೊಯ್ದ ತೊಗರಿಯ ಹೊಲಗಳು. ಮೈದಾನಕ್ಕೆ ಇಳಿದು ಡ್ರಮ್ಮಿನ ಮೇಲೆ ಬೆರಳಿಟ್ಟರೆ ತೊಗಲು ನಿಜಕ್ಕೂ ಸಡಿಲವಾಗಿತ್ತು. ಟೀಚರ್ ಮತ್ತು ನಾನು ಅದನ್ನು ಪೂರ್ವಕ್ಕೆ ಮುಖ ಮಾಡಿದ ಗೋಡೆಯ ಬಿಸಿಲಿಗೆ ಒಯ್ದು, ಅತ್ತಿತ್ತ ಹೊರಳಿಸುತ್ತ ಕುಳಿತೆವು. ಬೇರೆ ಶಾಲೆಯವರು ನೋಡಿ ನಗುತ್ತಿದ್ದರು. ಧ್ವಜಾರೋಹಣದ ಹೊತ್ತಿಗೆ ಅದು ಬಿಗಿದುಕೊಂಡಿತ್ತು.

ಪಥಸಂಚಲನ ಶುರುವಾಯಿತು. ಮುಂದೆ ನಾವು, ನಮ್ಮ ಹಿಂದೆ ಪೊಲೀಸರು, ಗೃಹರಕ್ಷಕರು, ಹದಿನೈದಿಪ್ಪತ್ತು ಶಾಲೆಗಳ ತುಕಡಿಗಳು. ವೇದಿಕೆಗೆ ಇನ್ನೂ ಸ್ವಲ್ಪ ದೂರ ಇರುವಾಗ ನನ್ನ ಗೆಳತಿಯ ಕೋಲು ಕೈಯಿಂದ ಜಾರಿ ಬಿತ್ತು. ಅವಳು ಬಗ್ಗಲು ಹೋದಳು, ಹಿಂದಿನವಳು ಅವಳಿಗೆ ತಾಗಿದಳು, ಸಣ್ಣ ಡ್ರಮ್ಮುಗಳೆಲ್ಲ ಒಮ್ಮೆಲೇ ನಿಂತುಹೋದವು. ಮೈದಾನದಲ್ಲಿ ಉಳಿದದ್ದು ನನ್ನ ಡ್ರಮ್ಮೊಂದೇ. ನಿಲ್ಲಿಸಿದರೆ ಹಿಂದಿನ ಅಷ್ಟೂ ಜನರ ಹೆಜ್ಜೆ ಹೋಗುತ್ತದೆ. ‘ಬಗ್ಗಬ್ಯಾಡ! ಒಂದ ಕೋಲಿಲೆ ಹೊಡಿ!’ ಎಂದು ಗೆಳತಿಗೆ ಕೂಗಿ, ಕಣ್ಣನ್ನು ಧ್ವಜದ ಕಂಬದ ಮೇಲಿಟ್ಟು ಎಡ, ಬಲ, ಎಡ, ಬಲ ಎಂದು ಬಾರಿಸುತ್ತ ನಡೆದೆ. ಹತ್ತು ಹೆಜ್ಜೆ ಇರಬಹುದು, ಹದಿನೈದಿರಬಹುದು. ಅವಳು ಒಂದೇ ಕೋಲಿನಿಂದ ಸೇರಿಕೊಂಡಳು, ಆಮೇಲೆ ಉಳಿದವರೂ. ಹಿಂದಿನವರಲ್ಲಿ ಒಬ್ಬರ ಹೆಜ್ಜೆಯೂ ತಪ್ಪಲಿಲ್ಲವೆಂದು ಟೀಚರ್ ಆಮೇಲೆ ಎಲ್ಲರ ಮುಂದೆ ಹೇಳಿದರು.

ಕಾರ್ಯಕ್ರಮ ಮುಗಿದು ಜನ ಚದುರುವಾಗ, ಕಟಕಟೆಯ ಆಚೆ ಅಪ್ಪ ನಿಂತಿದ್ದ. ಡ್ಯೂಟಿ ಇದೆ ಅಂದಿದ್ದವನು ಯಾರೊಂದಿಗೋ ಅದಲುಬದಲು ಮಾಡಿಕೊಂಡು ಬಂದಿದ್ದ, ಇನ್ನೂ ಕಿತ್ತಳೆ ಬಣ್ಣದ ಜಾಕೀಟಿನಲ್ಲೇ. ನಾನು ಹತ್ತಿರ ಹೋದೆ. ಏನಾದರೂ ಅನ್ನುತ್ತಾನೆಂದು ಕಾಯ್ದೆ. ಅವನು ನನ್ನ ಹೆಗಲ ಪಟ್ಟಿ ಸಡಿಲಿಸಿ, ಡ್ರಮ್ಮನ್ನು ತೆಗೆದು, ಎರಡೂ ಕೈಯಿಂದ ಎದೆಗೆ ಹಿಡಿದುಕೊಂಡು ಬಸ್ಸಿನ ತನಕ ನಡೆದ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತ. ವಾಡಿ ಬರುವ ತನಕ ಕೆಳಗೆ ಇಡಲಿಲ್ಲ.

ಮನೆಗೆ ಬಂದು ಮುತ್ಯಾನ ಹೊರಸಿನ ಹತ್ತಿರ ಕುಳಿತು, ‘ನಿನ್ನ ಮೊಮ್ಮಗಳು ನಿಂತ್ರ ಪೊಲೀಸ್ರೂ ನಿಲ್ತಿದ್ರು ನೋಡು,’ ಅಂದ. ಮುತ್ಯಾ ಕೇಳಿದ್ದು ಒಂದೇ: ‘ಆಮ್ಯಾಲೆ ಕುಂದ್ರಲಿಕ್ಕೆ ಎಲ್ಲಿ ಜಾಗ ಕೊಟ್ರು?’

‘ನೆರಳಾಗ, ಮುತ್ಯಾ. ಎಲ್ಲರ ಜೋಡಿ. ಬುಂದಿನೂ ಕೊಟ್ರು,’ ಅಂದೆ.

ಮುತ್ಯಾ ತಲೆ ಆಡಿಸಿದ. ಅವನು ಅದಾದ ಮೇಲೆ ಒಂದು ವರ್ಷ ಇದ್ದ.

ಈಗ ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಶಿಯನ್. ದಿನವಿಡೀ ರಕ್ತದ ಸಣ್ಣ ಸಣ್ಣ ಬಾಟಲಿಗಳ ನಡುವೆ ಇರುತ್ತೇನೆ. ಆ ದೊಡ್ಡ ಶಾಲೆಯ ಬಗ್ಗೆ, ಅದರ ಗದ್ದಲ, ಮಳೆಗೆ ಸೋರುವ ಕೋಣೆಗಳು, ಸಾಲದ ಬೆಂಚುಗಳ ಬಗ್ಗೆ ಜನ ದೂರು ಹೇಳಿದರೆ ನಾನು ಅಲ್ಲಗಳೆಯುವುದಿಲ್ಲ, ಅವೆಲ್ಲ ಇದ್ದವು. ಆದರೆ ನನ್ನನ್ನು ಕೊನೆಯ ಸಾಲಿನಿಂದ ಕರೆದು ಮುಂದೆ ನಿಲ್ಲಿಸಿದ್ದು, ಬೇಡವೆಂದರೆ ಬಿಡುವ ಸ್ವಾತಂತ್ರ್ಯವನ್ನೂ ಜೊತೆಗೇ ಕೊಟ್ಟದ್ದು ಅದೇ ಶಾಲೆ. ಗೆಳತಿ ಇವತ್ತಿಗೂ ಗೆಳತಿ. ಅವಳ ಮದುವೆಯಲ್ಲಿ ನಮ್ಮ ಮನೆಮಂದಿಯೆಲ್ಲ ಅವರ ಮನೆಯವರ ಪಂಕ್ತಿಯಲ್ಲೇ ಕುಳಿತು ಉಂಡೆವು. ಅವಳೇ ನಿಂತು ಹೋಳಿಗೆ ಬಡಿಸಿದಳು.

ಟೀಚರ್ ಈಗ ಚಿಂಚೋಳಿ ಕಡೆ ಇದ್ದಾರೆ. ಹೋದ ತಿಂಗಳು ಫೋನ್ ಮಾಡಿ, ಇಷ್ಟು ವರ್ಷ ಹೇಳದೆ ಇದ್ದುದನ್ನೆಲ್ಲ ಹೇಳಿ ಥ್ಯಾಂಕ್ಸ್ ಅಂದೆ. ‘ಅದೆಲ್ಲ ಫೋನಿನಾಗ ಬ್ಯಾಡ. ಶನಿವಾರ ಬಾ. ಇಲ್ಲಿ ಹುಡುಗ್ಯಾರಿಗಿ ಹೆಜ್ಜಿ ಕೂಡ್ಲಿಕತ್ತಿಲ್ಲ,’ ಅಂದರು. ರಜೆ ಹಾಕಿ, ಬೆಳಗಿನ ಮೊದಲ ಬಸ್ಸು ಹಿಡಿದು ಹೋದೆ. ಭಾಷಣ ಮಾಡಿಸುತ್ತಾರೇನೋ ಎಂದು ಹೆದರಿದ್ದೆ. ಅವರು ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡು, ಎಂಟನೆಯ ತರಗತಿಯ ಹುಡುಗಿಯರ ಸಾಲಿನ ತುದಿಗೆ ನಿಲ್ಲಿಸಿ, ‘ಎಡಗಾಲು ಮುಂದ,’ ಎಂದು ಕೂಗಿದರು. ಪಕ್ಕದ ಪುಟ್ಟ ಹುಡುಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ನೀವು ಹೊಸದಾಗಿ ಸೇರೀರೇನ್ರಿ?’ ಎಂದು ಕೇಳಿದಳು. ಹೌದು ಅಂದೆ. ಇಬ್ಬರೂ ಎಡಗಾಲು ಎತ್ತಿದೆವು.